ಹೈವೇ ಲೀಗಿನ ಎಂಟನೆಯ ಸೀಟು

ಜೀಪು ಹಿಂದಿನಿಂದ ನನ್ನ ಸ್ಕೂಟಿಗೆ ಗುದ್ದಿತು!

ಮೆಲ್ಲಗೆ. ಕೊಲ್ಲುವ ಗುದ್ದಲ್ಲ, ಹೆದರಿಸುವ ಗುದ್ದು... ಎರಡರ ವ್ಯತ್ಯಾಸ ನನಗೆ ಗೊತ್ತು.

ದಸರೆಯ ದಿನ. ಹೋಳಿಗೆ ಉಂಡು ಊರೆಲ್ಲ ಅಡ್ಡಾಗಿದ್ದ ಹೊತ್ತು. ಹೂವಿನ ಹಿಪ್ಪರಗಿ ದಾಟಿ ಬಾಗೇವಾಡಿ ಕಡೆ ಹೊರಟಿದ್ದೆ. ರಸ್ತೆಯಲ್ಲಿ ನಾನೊಬ್ಬಳೇ. ನನ್ನ ಬೆನ್ನಿಗೆ ಆ ಜೀಪು. ಎರಡೂ ಕಡೆ ಹತ್ತಿ ಹೊಲ.

ಕನ್ನಡಿಯಲ್ಲಿ ನೋಡಿದೆ. ಸ್ಟಿಯರಿಂಗ್ ಹಿಡಿದವನು ಕಾಂತು. ಹೈವೇ ಲೀಗಿನ ಏಜೆಂಟ್ ಅರುಣಕುಮಾರನ ಬಂಟ. ಕುತ್ತಿಗೆಯೇ ಇಲ್ಲದ ಮನುಷ್ಯ. ತಲೆ ನೇರವಾಗಿ ಭುಜದ ಮೇಲೆ ಕೂತಿದೆ.

ಜೀಪು ಪಕ್ಕಕ್ಕೆ ಬಂತು. ಗಾಜು ಇಳಿಯಿತು.

"ರೇಣುಕಾ ಮೇಡಂ! ಹಬ್ಬದ ದಿನ ಎಲ್ಲಿಗಿ ಸವಾರಿ?"

"ಬಾಗೇವಾಡಿಗೆ. ಬನ್ನಿ ಕೊಡಾಕ. ನಿನಗೂ ಒಂದು ಎಲಿ ಬೇಕೇನೋ?"

"ನಾಳಿಗೆ ಹೋಗ್ರಿ. ಈಗ ಹೊಳ್ಳಿ ಮುದ್ದೇಬಿಹಾಳಕ್ಕ ನಡೀರಿ."

"ಯಾಕ?"

"ವೃಂದಾ ಮೇಡಂ ಮನ್ಯಾಗಿಲ್ಲ."

ನಾನು ವೃಂದಾಳ ಹೆಸರೇ ಎತ್ತಿರಲಿಲ್ಲ!

ವೃಂದಾ ಯಾರು, ಹೇಳುತ್ತೇನೆ ಕೇಳಿ. ಆದರೆ ಮೊದಲು ಈ ಜೀಪಿಗೊಂದು ದಾರಿ ಕಾಣಿಸಬೇಕಿತ್ತು.

ಎಡಕ್ಕೆ ಹೊಲದ ಬದು. ಮೇಲೆ ಗಟ್ಟಿ ಗರಸು. ಬದುವಿನ ಕೆಳಗೆ ಜಿಗುಟಾದ ಕಪ್ಪು ಎರೆ ನೆಲ. ಹಿಂದಿನ ದಿನ ಜೋರು ಮಳೆ ಬಿದ್ದಿತ್ತು.

ತಿರುಗಿಸಿದೆ!

ಬದು ಸ್ಕೂಟಿಯಷ್ಟು ಅಗಲವಿತ್ತು. ಜೀಪಿನಷ್ಟು ಇರಲಿಲ್ಲ. ಕಾಂತು ಯೋಚಿಸುವ ಜಾತಿಯವನಲ್ಲ... ಹೊಲದೊಳಗೇ ನುಗ್ಗಿಸಿದ. ಎರೆ ಮಣ್ಣು ಗಾಲಿ ಹಿಡಿಯಿತು. ಅವನು ಆಕ್ಸಿಲರೇಟರ್ ಒತ್ತಿದಷ್ಟೂ ಜೀಪು ಕೆಳಗೆ ಇಳಿಯಿತು. ಕೆಸರು ಹಾರಿ ನನ್ನ ಸೀರೆಗೆಲ್ಲ ಬಿತ್ತು.

"ಏ ಮೇಡಂ! ಬಿಟ್ಟು ಹೋಗಬ್ಯಾಡ್ರಿ! ಎತ್ತು ಹೂಡೇ ಎಳೀಬೇಕಿದನ್ನ!"

"ಹಬ್ಬದ ದಿನ ಎತ್ತಿಗೆ ರಜಾ ಐತೋ ಕಾಂತು!"

ನಕ್ಕೆ. ಆದರೆ ಸ್ಕೂಟಿಯ ವೇಗ ಏರಿಸಿದೆ. ಜೀಪಿಗೆ ಹೆದರಿ ಅಲ್ಲ.

ನಾನು ಹೆಸರಿಗೆ ಮುದ್ದೇಬಿಹಾಳದ ಒಂದು ಕಾಲೇಜಿನ ಹುಡುಗಿಯರ ಫುಟ್‌ಬಾಲ್ ಕೋಚ್. ಅಸಲಿ ಕೆಲಸ ತೊಡಕು ಬಿಡಿಸುವುದು. ಪಂದ್ಯದ ದಿನ ರೆಫರಿ ಓಡಿಹೋದ... ಹಿಡಿದು ತರುವವಳು ನಾನು. ಮಗಳು ಚಡ್ಡಿ ಹಾಕಿ ಆಡಬಾರದೆಂದು ಅಪ್ಪ ಬಾಗಿಲು ಹಾಕಿಕೊಂಡ... ಬಾಗಿಲು ತೆಗೆಸುವವಳು ನಾನು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ. ನಾಲ್ಕು ಊರು, ನಾಲ್ಕು ಕಾಲೇಜು, ನಾಲ್ಕು ಟೀಮು. ಇದು ನಾಲ್ಕೂರ ಲೀಗ್. ಇದನ್ನು ಹುಟ್ಟಿಸಿದವರು ಇಬ್ಬರು. ನಾನು ಮತ್ತು ಬಾಗೇವಾಡಿಯ ಕೋಚ್ ವೃಂದಾ. ವಿಜಯಪುರದ ಹಾಸ್ಟೆಲ್ಲಿನಲ್ಲಿ ನಮ್ಮಿಬ್ಬರದು ಒಂದೇ ಕೋಣೆ. ಇಬ್ಬರಿಗೂ ಸೇರಿ ಒಂದೇ ಜೊತೆ ಬೂಟು. ಪಂದ್ಯದ ಮೊದಲರ್ಧ ಅವಳು, ಉಳಿದರ್ಧ ನಾನು.

ನಮ್ಮ ಲೀಗಿಗೆ ಸಹಿ ಇಲ್ಲ, ಮುದ್ರೆ ಇಲ್ಲ. ವಿಜಯದಶಮಿಯ ಸಂಜೆ ನಾಲ್ವರು ಕೋಚ್‌ಗಳು ಒಂದು ಮೈದಾನದಲ್ಲಿ, ಈ ಸಲ ಬಾಗೇವಾಡಿಯಲ್ಲಿ, ಸೇರುತ್ತೇವೆ. ಒಬ್ಬರಿಗೊಬ್ಬರು ಬನ್ನಿ ಎಲೆ ಕೊಟ್ಟು, ಬಂಗಾರದಂಗ ಇರೋಣು ಅನ್ನುತ್ತೇವೆ. ಅಲ್ಲಿಗೆ ಆ ವರ್ಷದ ಲೀಗ್ ಪಕ್ಕಾ. ಬನ್ನಿ ಕೊಟ್ಟವರು ವರ್ಷವಿಡೀ ಆಡಲೇಬೇಕು. ಬಾರದವರು ಹೊರಗೆ. ಬನ್ನಿ ಕೊಟ್ಟು ಮಾತು ತಪ್ಪಿದ ಊರು ಆವರೆಗೆ ಇರಲಿಲ್ಲ.

ಈಗ ಹೈವೇ ಲೀಗ್. ದೊಡ್ಡ ಊರುಗಳ ಏಳು ಕಾಲೇಜುಗಳ ಕೂಟ. ಹುಲ್ಲಿನ ಮೈದಾನ, ಗೆರೆಯ ಪಕ್ಕದಲ್ಲೇ ಡಾಕ್ಟರ್, ಮೊಬೈಲಿನಲ್ಲಿ ಲೈವ್. ಅವರಿಗೆ ಎಂಟನೆಯ ಟೀಮು ಬೇಕಿತ್ತು. ಒಂದೇ ಒಂದು. ಅದಕ್ಕಾಗಿ ಅರುಣಕುಮಾರ ನಮ್ಮ ತಾಲೂಕುಗಳಲ್ಲಿ ಹದ್ದಿನ ಹಾಗೆ ಸುತ್ತುತ್ತಿದ್ದ.

ನಮ್ಮ ಕಾಲೇಜಿನ ಫಿಜಿಕಲ್ ಡೈರೆಕ್ಟರ್ ಗುರಲಿಂಗಪ್ಪ ಸರ್ ನನ್ನನ್ನು ಕರೆದರು.

"ನಾಲ್ಕರಾಗ ಒಬ್ರು ಹೊಂಟಾರಂತ, ರೇಣವ್ವ. ಯಾರಂತ ಹುಡುಕು. ತಡಿ."

ತಡೆಯಲೇಬೇಕಿತ್ತು. ಯೂನಿವರ್ಸಿಟಿ ಟೀಮಿಗೆ ಆಟಗಾರ್ತಿಯರನ್ನು ಆರಿಸುವವರು ನಾಲ್ಕು ಟೀಮಿಲ್ಲದ ಲೀಗಿನತ್ತ ತಲೆ ಹಾಕುವುದಿಲ್ಲ. ನಮ್ಮ ಗೋಲ್‌ಕೀಪರ್ ಶೈಲಶ್ರೀಗೆ ಇದು ಕೊನೆಯ ವರ್ಷ. ಒಂದು ಟೀಮು ಹೋದರೆ ಅವಳ ಆಟ ಯಾರೂ ನೋಡದೆಯೇ ಮುಗಿಯುತ್ತದೆ.

ಇಂಡಿಗೆ ಹೋದೆ. ಅಲ್ಲಿನ ಕೋಚ್ ಪಂಢರಿನಾಥ ಸರ್ ಲಿಂಬೆ ಶರಬತ್ತು ಕೊಟ್ಟು, "ವಿಠ್ಠಲನ ಆಣಿ, ರೇಣುಕಾಬಾಯಿ, ಇಂಡಿ ಎಲ್ಲಿಗೂ ಹೋಗಂಗಿಲ್ಲ," ಅಂದರು.

ಸಿಂದಗಿಗೆ ಹೋದೆ. ಕೋಚ್ ತರನ್ನುಮ ಹೊಟ್ಟೆ ಹಿಡಿದುಕೊಂಡು ನಕ್ಕಳು. "ನಮ್ಮನ್ನ ಯಾರ ಕರೀತಾರ ಅಕ್ಕಾ? ನಮ್ಮ ಗ್ರೌಂಡಿನಾಗ ಎಮ್ಮಿ ಡಿಫೆನ್ಸ್ ಆಡ್ತಾವು!"

ಬಾಗೇವಾಡಿಗೆ ಹೋಗಲಿಲ್ಲ. ಕೇಳುವ ಪ್ರಶ್ನೆಯೇ ಇರಲಿಲ್ಲ. ಅಲ್ಲಿ ವೃಂದಾ ಇದ್ದಳು.

ಈಗ ಗೊತ್ತಾಯಿತಲ್ಲ, ಕಾಂತುವಿನ ಬಾಯಲ್ಲಿ ವೃಂದಾಳ ಹೆಸರು ಕೇಳಿ ನಾನು ಯಾಕೆ ಹೆದರಿದೆನೆಂದು!

ವೃಂದಾಳ ಮನೆಯ ಬಾಗಿಲು ತೆರೆದಿತ್ತು. ಅವಳ ತಾಯಿ ಸರಸ್ವತೀಬಾಯಿ ಹೊರಗೆ ಬಂದರು. ನಾನು ಅವರನ್ನು ಆಯಿ ಎಂದೇ ಕರೆಯುವುದು. ಹಾಸ್ಟೆಲ್ ದಿನಗಳಲ್ಲಿ ಅವರು ಕಳಿಸಿದ ಚಕ್ಕುಲಿ ಡಬ್ಬದಲ್ಲಿ ಅರ್ಧ ನನ್ನ ಪಾಲು.

"ಬಾ ಮಗಳ, ಬಾ! ಇದೇನ ಮೈಯೆಲ್ಲ ಕೆಸರು?"

"ದಾರ್‍ಯಾಗ ಒಬ್ಬಾವ ಹೋಳಿ ಆಡಿದ, ಆಯಿ."

"ದಸರಾಕ್ಕ ಹೋಳಿನ? ಕಲಿಗಾಲ! ಹಿತ್ತಲದಾಗ ಅದಾಳ ನೋಡು. ಮುಂಜಾನಿಂದ ಉಂಡಿಲ್ಲ."

ಹಿತ್ತಲಲ್ಲಿ ವೃಂದಾ ಫುಟ್‌ಬಾಲುಗಳಿಗೆ ಕುಂಕುಮ ಹಚ್ಚಿ ಸಾಲಾಗಿ ಇಟ್ಟಿದ್ದಳು. ನನ್ನನ್ನು ನೋಡಿದಳು. ಕಣ್ಣು ಕೆಳಗೆ ಹಾಕಿದಳು.

ಅಷ್ಟೇ ಸಾಕಿತ್ತು... ಆದರೂ ಕೇಳಿದೆ.

"ಫೋನ್ ಯಾಕ ಬಂದ್ ಇಟ್ಟೀ?"

"ನೀ ಮಾಡ್ತೀ ಅಂತ."

"ನನ್ನ ಹಿಂದ ಜೀಪ್ ಬಿಡಿಸಿದಾಕಿ ನೀನ?"

"ಜೀಪ? ಯಾವ ಜೀಪ?" ಅವಳು ಎದ್ದು ನಿಂತಳು. ನನ್ನ ಕೈ, ಕಾಲು, ಮೊಣಕೈ ತಿರುಗಿಸಿ ನೋಡಿದಳು. "ಏನಾರ ಪೆಟ್ಟಾತೇನ? ಅರುಣಕುಮಾರಗ ನಾ ಇದನ್ನ ಹೇಳಿರಲಿಲ್ಲ, ರೇಣಿ. ಆಯಿ ಆಣಿ."

"ಹೊಂಟೀಯೇನ?"

ಅವಳು ನನ್ನ ಮೊಣಕೈ ಬಿಟ್ಟಳು.

"ಹೊಂಟೇನಿ."

"ನಾವು ಹುಟ್ಟಿಸಿದ್ದಲ್ಲೇನ ಇದು!"

"ಮಾಬುಬಿ ಮೊಣಕಾಲು ನೆನಪೈತೇನ ನಿನಗ?" ಮಾಬುಬಿ ಅವಳ ಟೀಮಿನ ಫಾರ್ವರ್ಡ್. ನಾಲ್ಕೂರಲ್ಲೂ ಅಂಥ ಓಟ ಮತ್ತೊಬ್ಬಳಿಗಿಲ್ಲ. "ಸಿಂದಗ್ಯಾಗ ಕಲ್ಲಿಗೆ ಎಡವಿ ಬಿದ್ಲು. ಟಂಟಂ ಆಟೋದಾಗ ಹಾಕ್ಕೊಂಡು ದವಾಖಾನಿಗೆ ಒಯ್ದೆ. ದಾರಿ ತುಂಬ ಒದರಿದ್ಲು. ತಡೀಲಾರದ ನನ್ನ ಕೈ ಕಚ್ಚಿದ್ಲು. ಈಗ ಮತ್ತ ಓಡಾಕತ್ತಾಳ. ಇನ್ನೊಮ್ಮೆ ಬಿದ್ರ ಮುಗೀತು! ಅಲ್ಲಿ ಡಾಕ್ಟರ್ ಅದಾನ, ಹುಲ್ಲೈತಿ."

"ನಮ್ಮ ಶೈಲಶ್ರೀ?"

"ನಿನಗ ನಿನ್ನ ಶೈಲಶ್ರೀ. ನನಗ ನನ್ನ ಮಾಬುಬಿ." ಅವಳು ಮುಖ ತಿರುಗಿಸಿದಳು. "ಅದಕ್ಕ ಗ್ರೌಂಡಿಗೆ ಬರಂಗಿಲ್ಲ. ಬನ್ನಿ ಕೊಟ್ಟು ನಾಳೆ ಬಿಟ್ಟು ಹೋಗಾಕಿ ಅಲ್ಲ ನಾ. ಬರದಿದ್ರ ಬರಲಿಲ್ಲ ಅಂತಾರ. ಅನ್ಲಿ."

ಅಷ್ಟರಲ್ಲಿ ಆಯಿ ತಟ್ಟೆ ಹಿಡಿದು ಬಂದರು. ತಟ್ಟೆಯ ತುಂಬ ಬನ್ನಿ.

"ಹಬ್ಬದ ದಿನ ಇಬ್ರೂ ಮಾರಿ ಸಣ್ಣ ಮಾಡ್ಕೊಂಡು ಕುಂತೀರಲ್ಲ! ಮೊದಲು ಬನ್ನಿ ಕೊಟ್ಟು ತಗೋರಿ. ಆಮ್ಯಾಲೆ ಹೊಟ್ಟಿ ತುಂಬ ಜಗಳ ಮಾಡ್ರಿ."

ಆಯಿಯ ಎದುರು ಇಲ್ಲವೆನ್ನುವುದು ಹೇಗೆ? ವರ್ಷಾವರ್ಷ ನಮ್ಮಿಬ್ಬರ ಮೊದಲ ಬನ್ನಿ ಇದೇ ಹಿತ್ತಲಲ್ಲಿ.

ವೃಂದಾ ಎಲೆ ತೆಗೆದುಕೊಂಡಳು. ನನ್ನ ಅಂಗೈಯಲ್ಲಿಟ್ಟು ಬೆರಳು ಮಡಿಚಿದಳು.

"ಬಂಗಾರದಂಗ ಇರೋಣು, ರೇಣಿ."

"ಇರೋಣು," ಅಂದೆ. ಅವಳಿಗೂ ಕೊಟ್ಟೆ.

ಆಯಿ ಒಳಗೆ ಹೋದ ಮೇಲೆ ವೃಂದಾ ಪಿಸುಗುಟ್ಟಿದಳು. "ಇದು ಮನಿ ಬನ್ನಿ. ಗ್ರೌಂಡಿಂದಲ್ಲ... ಹೌದಿಲ್ಲೋ?"

ತಲೆಯಾಡಿಸಿದೆ.

ಬಾಗೇವಾಡಿ ಕಾಲೇಜಿನ ಮೈದಾನಕ್ಕೆ ಬಂದಾಗ ಬಿಸಿಲು ಕೆಂಪಾಗಿತ್ತು. ಗುರಲಿಂಗಪ್ಪ ಸರ್ ಬಂದಿದ್ದರು. ತರನ್ನುಮ ಬಂದಿದ್ದಳು. ಬಾಗೇವಾಡಿಯ ಹುಡುಗಿಯರು ಹೊಸ ಬಟ್ಟೆ ಹಾಕಿಕೊಂಡು ಗೋಲ್ ಕಂಬದ ಬಳಿ ಗುಂಪಾಗಿದ್ದರು. ವೃಂದಾಳನ್ನು ಬಿಟ್ಟರೆ ಇಂಡಿಯ ಪಂಢರಿನಾಥ ಸರ್ ಮಾತ್ರ ಇರಲಿಲ್ಲ. ದಾರಿಯಲ್ಲಿ ಗಾಡಿ ಪಂಚರ್ ಆಗಿದೆ, ಬಂದೇಬಿಟ್ಟೆ ಎಂದು ಫೋನ್ ಮಾಡಿದ್ದರಂತೆ.

ಬೇವಿನ ಮರದಡಿ ಬಿಳಿ ಕಾರು. ಅದಕ್ಕೆ ಒರಗಿ ಅರುಣಕುಮಾರ.

"ಮೇಡಂ, ನಮ್ಮ ಜೀಪ್ ಇನ್ನೂ ಹೊಲದಾಗೈತಿ."

"ಬಿತ್ತಿ ಬಂದೇನ್ರಿ. ಮಳಿಗಾಲಕ್ಕ ಎರಡು ಹುಟ್ಟತಾವು."

ಅವನು ನಗಲಿಲ್ಲ. ಹತ್ತಿರ ಬಂದ. ಮೆಲ್ಲಗೆ ಹೇಳಿದ.

"ಹೊತ್ತು ಮುಳುಗೋತನಕ ಬಾಯಿ ಮುಚ್ಚಿಕೊಂಡು ನಿಲ್ರಿ. ಬಾಗೇವಾಡಿ ನಂದು. ಅಡ್ಡ ಬಂದ್ರ ನೀವ ಅಳ್ತೀರಿ."

ಇಂಥ ಬೆದರಿಕೆಗಳನ್ನು ಬಹಳ ಕೇಳಿದ್ದೇನೆ. ಎಲ್ಲವೂ ಸುಳ್ಳಾಗಿದ್ದವು.

"ರೇಣವ್ವ!" ಗುರಲಿಂಗಪ್ಪ ಸರ್ ಕೂಗಿದರು. "ವೃಂದಾ ಎಲ್ಲಿ? ಬಾಗೇವಾಡೀದು ಏನಾತು?"

ಎಲ್ಲರೂ ನನ್ನ ಕಡೆ ತಿರುಗಿದರು. ನನ್ನ ಮುಷ್ಟಿಯಲ್ಲಿ ಆ ಎಲೆ ಬೆವರಿಗೆ ಮೆತ್ತಗಾಗಿತ್ತು. ಕಣ್ಣ ಮುಂದೆ ಶೈಲಶ್ರೀ... ಗೋಲಿನ ತುಂಬ ಹಾರುವ ಹುಡುಗಿ.

ಮುಷ್ಟಿ ಬಿಚ್ಚಿದೆ.

"ಬಾಗೇವಾಡಿ ನನಗ ಬನ್ನಿ ಕೊಟ್ಟೈತ್ರಿ, ಸರ್. ಈಗಷ್ಟ."

ಸುಳ್ಳಲ್ಲ! ಒಂದಕ್ಷರವೂ ಸುಳ್ಳಲ್ಲ. ನನ್ನ ಬಾಯಿಂದ ಅಂಥ ಹೊಲಸು ನಿಜ ಹಿಂದೆಂದೂ ಬಂದಿರಲಿಲ್ಲ.

ಹುಡುಗಿಯರು ಹೋ ಎಂದರು. ಮಾಬುಬಿ ಆ ಮೊಣಕಾಲು ಹೊತ್ತುಕೊಂಡೇ ಓಡಿದಳು, ತನ್ನ ಮೇಡಂನನ್ನು ಕರೆತರಲು.

ವೃಂದಾ ಮನೆಯ ಸೀರೆಯಲ್ಲೇ ಬಂದಳು. ಅವಳು ಮೈದಾನಕ್ಕೆ ಕಾಲಿಡುವ ಮೊದಲೇ ಯಾರೋ ವಿಷಯ ಹೇಳಿರಬೇಕು. ಮುಖದಲ್ಲಿ ರಕ್ತ ಇರಲಿಲ್ಲ.

"ಏನವಾ ವೃಂದಾ, ರೇಣುಕಾಗ ಬನ್ನಿ ಕೊಟ್ಟಿಯೇನ?" ಗುರಲಿಂಗಪ್ಪ ಸರ್ ಕೇಳಿದರು.

ಅದು ಮನೆಯ ಬನ್ನಿ ಎನ್ನಬಹುದಿತ್ತು. ನನ್ನನ್ನು ಎಲ್ಲರೆದುರು ಸುಳ್ಳಿ ಎನ್ನಬಹುದಿತ್ತು. ನಾನು ಅದಕ್ಕೆ ತಯಾರಾಗಿ ನಿಂತಿದ್ದೆ. ನಿಜ ಹೇಳಲೇ... ಅವಳು ಹಾಗೆನ್ನಲಿ ಎಂದು ಕಾಯುತ್ತಿದ್ದೆ.

ಅವಳು ನನ್ನನ್ನೇ ನೋಡಿದಳು.

"ಕೊಟ್ಟೇನ್ರಿ, ಸರ್."

ಮೈದಾನದ ನಡುವೆ ಇಟ್ಟಿದ್ದ ಬನ್ನಿ ತಟ್ಟೆಯಿಂದ ಎಲೆ ತೆಗೆದುಕೊಂಡು ಗುರಲಿಂಗಪ್ಪ ಸರ್‌ಗೆ ಕೊಟ್ಟು ಕಾಲು ಮುಟ್ಟಿದಳು. ತರನ್ನುಮಳಿಗೆ ಕೊಟ್ಟಳು. ಮುಗಿಯಿತು. ಬಾಗೇವಾಡಿ ಉಳಿಯಿತು. ನಾನು ಗೆದ್ದೆ!

ಅರುಣಕುಮಾರ ಸಿಟ್ಟಾಗಲಿಲ್ಲ. ಅದನ್ನು ಕಂಡು ನನಗೆ ಮೊದಲ ಸಲ ಹೆದರಿಕೆಯಾಯಿತು. ಅವನು ಆರಾಮಾಗಿ ಫೋನ್ ತೆಗೆದ. ಎಲ್ಲರಿಗೂ ಕೇಳುವಂತೆ ಮಾತಾಡಿದ.

"ಪಂಢರಿನಾಥ ಸರ್... ಪಂಚರ್ ಆತೇನ್ರಿ? ಹಾಂ, ಹಾಂ. ಹಂಗ ಇಂಡಿಗೆ ಹೊಳ್ಳಿ ನಡೀರಿ. ಸೀಟು ನಿಮ್ದಾತು!"

ಗುರಲಿಂಗಪ್ಪ ಸರ್ ಬನ್ನಿ ಹಿಡಿದುಕೊಂಡೇ ಅವನತ್ತ ತಿರುಗಿದರು.

"ಸೀಟು ಒಂದ ಇತ್ತು, ಮೇಡಂ," ಅಂದ, ಕಾರಿನ ಬಾಗಿಲು ತೆಗೆಯುತ್ತ. "ಅದಕ್ಕ ಪಾಳೇದಾಗ ಇಬ್ರು ನಿಂತಿದ್ರು. ಬಾಗೇವಾಡಿ ಮುಂದ, ಇಂಡಿ ಹಿಂದ. ಮುಂದಿನವರನ್ನ ನೀವ ಎಬ್ಬಿಸಿದ್ರಿ. ಅಳ್ತೀರಿ ಅಂತ ಮೊದಲ ಹೇಳಿದ್ದೆ."

ಬಿಳಿ ಕಾರು ಹೋಯಿತು. ಧೂಳು ಉಳಿಯಿತು.

ಅಂದರೆ ಇಂಡಿ ಹೋಯಿತು. ನಾಲ್ಕು ಮೂರಾಯಿತು. ಲೀಗ್ ಹೇಗಿದ್ದರೂ ಸಾಯುತ್ತಿತ್ತು. ನಾನು ಸುಮ್ಮನಿದ್ದಿದ್ದರೆ ಒಬ್ಬ ಹುಡುಗಿಗಾದರೂ ಹುಲ್ಲು ಸಿಗುತ್ತಿತ್ತು... ನಾನೇ ಅವಳನ್ನು ಈ ಕಲ್ಲಿಗೆ ಕಟ್ಟಿಹಾಕಿದೆ!

ಮಾಬುಬಿಗೆ ಇದ್ಯಾವುದೂ ತಿಳಿದಿರಲಿಲ್ಲ. ಕುಂಟುತ್ತ ನನ್ನ ಬಳಿಗೇ ಬಂದಳು. ಎಲೆ ಚಾಚಿದಳು.

"ಬಂಗಾರದಂಗ ಇರೋಣ್ರಿ, ಅಕ್ಕಾರ."

ತೆಗೆದುಕೊಂಡೆ. ತೆಗೆದುಕೊಳ್ಳದೆ ಏನು ಮಾಡಲಿ?

ಗೇಟಿನ ಬಳಿ ವೃಂದಾಳನ್ನು ಹಿಡಿದೆ. "ವೃಂದಾ... ನನಗ ಇಂಡೀದು ಗೊತ್ತಿರಲಿಲ್ಲ. ಕೇಳಿಲ್ಲಿ..."

ಅವಳು ನಿಂತಳು. ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು.

"ಆಯಿ ಮುಂದ ಹೇಳಬ್ಯಾಡ," ಅಂದಳು. "ತನ್ನ ಕೈಲೆ ಆತಂತ ಗೊತ್ತಾದ್ರ ಆಕಿ ತಡಕೊಳ್ಳಂಗಿಲ್ಲ."

ಅಷ್ಟೇ. ಸೆರಗು ಹೊದ್ದು ಹೊರಟುಹೋದಳು. ಅವಳು ನನ್ನೊಡನೆ ಆಡಿದ ಕೊನೆಯ ಮಾತು ಅದು.

ಆಮೇಲೇನಾಯಿತು ಅಂತೀರಾ? ದೀಪಾವಳಿಗೆ ಮೊದಲೇ ಸಿಂದಗಿ ಕಾಲೇಜಿನ ಆಡಳಿತದವರು ಟೀಮು ಮುಚ್ಚಿದರು. "ಮೂರು ಕಲ್ಲಿಟ್ಟು ಒಲಿ ಹೂಡಬಹುದು ಅಕ್ಕಾ, ಲೀಗ್ ಹೂಡಾಕ ಬರಂಗಿಲ್ಲಂತ ಪ್ರಿನ್ಸಿಪಾಲರು," ಎಂದು ತರನ್ನುಮ ಫೋನಿನಲ್ಲಿ ಹೇಳಿದಳು. ಈ ಸಲ ನಗಲಿಲ್ಲ. ಆರಿಸುವವರು ಯಾರೂ ಬರಲಿಲ್ಲ. ಶೈಲಶ್ರೀ ಗ್ಲೌಸ್ ತೊಳೆದು, ಒಣಗಿಸಿ, ನನ್ನ ಟೇಬಲ್ಲಿನ ಮೇಲಿಟ್ಟು ಹೋದಳು.

ಉಳಿದದ್ದು ಮುದ್ದೇಬಿಹಾಳ, ಬಾಗೇವಾಡಿ. ಬನ್ನಿ ಕೊಟ್ಟಾಗಿದೆ. ವರ್ಷವಿಡೀ ಆಡಲೇಬೇಕು. ವೃಂದಾ ಬರುತ್ತಾಳೆ. ಒಂದು ಪಂದ್ಯವನ್ನೂ ತಪ್ಪಿಸುವುದಿಲ್ಲ. ಆ ಗೆರೆಯ ಪಕ್ಕ ಅವಳು, ಈ ಗೆರೆಯ ಪಕ್ಕ ನಾನು. ಮಾಬುಬಿಯ ಕಾಲಿಗೆ ಚೆಂಡು ಸಿಕ್ಕಾಗಲೆಲ್ಲ ಇಬ್ಬರೂ ಉಸಿರು ಹಿಡಿದು ಅವಳ ಮೊಣಕಾಲನ್ನೇ ನೋಡುತ್ತೇವೆ. ಒಬ್ಬರನ್ನೊಬ್ಬರು ಮಾತ್ರ ನೋಡುವುದಿಲ್ಲ.

ಒಂದು ಮಾತು ಹೇಳಲೇಬೇಕು ನೋಡಿ... ನಮ್ಮ ಲೀಗಿನಲ್ಲಿ ಈಗ ಫೈನಲ್ ಮುಟ್ಟುವುದು ಬಹಳ ಸುಲಭ!