ಮುತ್ತಿಗೆಯ ರಾಗ

ಡೀಸಾ ಮೊದಲ ದಿನ ತಂದಿದ್ದ ಸಂಗೀತವನ್ನು ಟೋರ್ಕೆಲ್ ಪೂರ್ತಿ ಕೇಳಲೇ ಇಲ್ಲ. ಕಹಳೆ ಮೊಳಗಿ, ಕೊಂಬು ಕೂಗಿ, ಇನ್ನೇನು ಕತ್ತಿ ಒರೆಯಿಂದ ಹೊರಬರಬೇಕು ಎನ್ನುವಷ್ಟರಲ್ಲಿ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟ.

"ಚೆನ್ನಾಗಿದೆ," ಎಂದ.

ಸ್ವೀಡನ್ನಿನ ಶೋವ್ದೆ ಎಂಬ ಆ ಊರಲ್ಲೇ ಹುಟ್ಟಿ ಬೆಳೆದ ಡೀಸಾಗೆ ಆ ಮಾತಿನ ಬೆಲೆ ಗೊತ್ತಿತ್ತು. ಅಲ್ಲಿ ಯಾರೂ ಮುಖದ ಮೇಲೆ 'ಚೆನ್ನಾಗಿಲ್ಲ' ಎನ್ನುವುದಿಲ್ಲ. ಚೆನ್ನಾಗಿದೆ ಎಂದು ಹೇಳಿ, ಕಾಫಿ ತರಲು ಎದ್ದರೆ, ನಿಮ್ಮ ಕೆಲಸ ಸತ್ತಿತು ಎಂದೇ ಲೆಕ್ಕ.

ಟೋರ್ಕೆಲ್ ಕಾಫಿ ತರಲು ಎದ್ದ.

ಅವಳು ಬಿಡಲಿಲ್ಲ. ಹಿಂದೆಯೇ ಅಡುಗೆಮನೆಗೆ ಹೋಗಿ ಬಾಗಿಲಿಗೆ ಅಡ್ಡ ನಿಂತಳು. "ಏನು ಸರಿ ಇಲ್ಲ ಅಂತ ಬಾಯ್ಬಿಟ್ಟು ಹೇಳು. ನಾನೇನು ಕಚ್ಚಲ್ಲ."

ಅವನ ಕಿವಿ ಕೆಂಪಾಯಿತು. ಕಪ್ಪಿನೊಳಗೆ ನೋಡುತ್ತಾ ಹೇಳಿದ. "ಆಟದಲ್ಲಿ ಯುದ್ಧ ಇರೋದು ನಾಲ್ಕು ನಿಮಿಷ. ಮಿಕ್ಕಿದ್ದೆಲ್ಲ ಕಾಲುವೆ ತೋಡೋದು, ಬಾರ್ಲಿ ಬೆಳೆಯೋದು, ಪಕ್ಕದ ಊರಿನವನು ಯಾವಾಗ ಬಂದು ಬೀಳ್ತಾನೋ ಅಂತ ಗೋಡೆ ಮೇಲೆ ನಿಂತು ಕಾಯೋದು. ನಿನ್ನ ಕಹಳೆಗೆ ಕಾಯೋಕೆ ಬರಲ್ಲ."

ಡೀಸಾಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಆ ಊರಲ್ಲಿ ನಿಜ ಹೇಳಲು ಕಿವಿ ಕೆಂಪಾಗಿಸಿಕೊಳ್ಳುವ ಗಂಡಸು ದಿನಾ ಸಿಗುವುದಿಲ್ಲ.

ಕಂಪ್ಯೂಟರಿನಲ್ಲಿ ಆಡುವ ಆಟ ಅದು. ಎರಡು ನದಿಗಳ ನಡುವೆ, ಸಾವಿರಾರು ವರ್ಷಗಳ ಹಿಂದೆ, ಮಣ್ಣಿಟ್ಟಿಗೆಯ ಪಟ್ಟಣವೊಂದನ್ನು ಕಟ್ಟಿ ಉಳಿಸಿಕೊಳ್ಳಬೇಕು. ಅದನ್ನು ಕಲ್ಪಿಸಿಕೊಂಡವನು ಟೋರ್ಕೆಲ್. ಕಂಪನಿ ಗುನ್ನೆಲ್ ಎಂಬ ಹಿರಿಯ ಹೆಂಗಸಿನದು. ಸಂಗೀತಕ್ಕೆಂದು ಸೇರಿಕೊಂಡವಳು ಡೀಸಾ. ಅಂಥ ಆಟದ ಸಂಗೀತ ಮನೆಯ ವಾಸನೆಯ ಹಾಗಿರಬೇಕು. ಒಳಗಿರುವವರಿಗೆ ಗೊತ್ತಾಗಬಾರದು, ಇಲ್ಲದಿದ್ದರೆ ಮಾತ್ರ ಮನೆ ಬೇರೆಯವರದು ಅನ್ನಿಸಬೇಕು. ಗಮನ ಸೆಳೆದರೆ ಆಟಗಾರ ಆಟದ ಎರಡನೆಯ ಗಂಟೆಗೇ ಸಂಗೀತವನ್ನು ಆಫ್ ಮಾಡುತ್ತಾನೆ.

ಹುಡುಕಾಟ ಶುರುವಾಯಿತು. ದಿನವೂ ಮಧ್ಯಾಹ್ನದ ಕಾಫಿ ಆದಮೇಲೆ ಇಬ್ಬರೂ ಅವಳ ಕೋಣೆಯಲ್ಲಿ ಕೂರುತ್ತಿದ್ದರು. ಒಂದು ವೈರಿಗೆ ಎರಡು ಹೆಡ್‌ಫೋನ್. ವೈರು ಗಿಡ್ಡ. ಮೊಣಕೈಗೆ ಮೊಣಕೈ ತಾಗದೆ ಕೂರುವಂತಿರಲಿಲ್ಲ. ಗುನ್ನೆಲ್ ಒಂದು ದಿನ ಬಾಗಿಲಲ್ಲಿ ನಿಂತು, "ಉದ್ದದ ವೈರು ತರಿಸಿ ಕೊಡ್ತೀನಿ ಅಂದ್ರೂ ನೀವು ಬೇಡ ಅಂತೀರ, ಅಲ್ವಾ ಮಕ್ಕಳೇ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋದಳು. ಇಬ್ಬರೂ ಪರದೆಯನ್ನೇ ನೋಡುತ್ತಾ ಕೂತರು. ಪರದೆಯ ಮೇಲೆ ಏನೂ ಇರಲಿಲ್ಲ.

ಅವನು ಬಾಯಿ ತುಂಬ ಹೊಗಳುವವನಲ್ಲ. ಇಷ್ಟವಾದರೆ ಎಡಗಡೆಯ ಹುಬ್ಬು ಒಂದು ಕೂದಲೆಳೆಯಷ್ಟು ಮೇಲೇರುತ್ತಿತ್ತು, ಅಷ್ಟೆ. ಡೀಸಾ ಅದನ್ನು ಕಂಡುಕೊಂಡ ಮೇಲೆ ಪಟ್ಟಣ, ಬಾರ್ಲಿ ಎಲ್ಲ ಮರೆತು ಆ ಹುಬ್ಬಿಗಾಗಿಯೇ ಸ್ವರ ಜೋಡಿಸತೊಡಗಿದಳು. ಜೊಂಡಿನ ಕೊಳಲು, ಒದ್ದೆ ಮಡಕೆಯ ಮೇಲೆ ಬೆರಳು ಎಳೆದ ಸದ್ದು. ರಾಗ ಮುಗಿದಮೇಲೂ ಅವನು ಹೆಡ್‌ಫೋನ್ ತೆಗೆಯುತ್ತಿರಲಿಲ್ಲ. ಇವಳೂ ತೆಗೆಯುತ್ತಿರಲಿಲ್ಲ. ಇಬ್ಬರ ಕಿವಿಯಲ್ಲೂ ಒಂದೇ ನಿಶ್ಶಬ್ದ.

ಕಷ್ಟವಾದದ್ದು ಮುತ್ತಿಗೆಯ ಭಾಗ. ಗೋಡೆಯಾಚೆ ಶತ್ರುವಿನ ಒಲೆಗಳ ಹೊಗೆ, ಈಚೆ ಖಾಲಿಯಾಗುತ್ತಿರುವ ಕಣಜ. ಡೀಸಾ ಮೇಕೆಯ ಕರುಳಿನ ತಂತಿಯ ಪುಟ್ಟ ಲೈರ್ ವಾದ್ಯ ತಂದು, ಎರಡೇ ತಂತಿಗಳನ್ನು ಸ್ವಲ್ಪ ಹೊಂದದ ಹಾಗೆ ಬಿಗಿದಳು. ಒಂದನ್ನು ಮೀಟುವುದು. ಎರಡನೆಯದು ಬರುವುದೇ ಇಲ್ಲವೇನೋ ಅನ್ನಿಸುವವರೆಗೆ ತಡೆಯುವುದು. ಆಮೇಲೆ ಮೀಟುವುದು. ರೆಕಾರ್ಡ್ ಮಾಡುವಾಗ ಟೋರ್ಕೆಲ್ ಪಕ್ಕದಲ್ಲೇ ಇದ್ದ. ಕೇಳಿನೋಡಿದರೆ ತಂತಿಗಳ ನಡುವೆ ಯಾರದೋ ಉಸಿರು.

"ಅದು ನಾನಾ?"

"ಅಲ್ಲ. ಗೋಡೆ ಮೇಲಿನ ಕಾವಲುಗಾರ."

"ಹೆದರಿದಾನೆ, ಪಾಪ."

"ಯಾರಿಗೆ?"

ಅವನು ಅವಳನ್ನು ನೋಡಿದ. ಹುಬ್ಬು ಏರಲಿಲ್ಲ, ಕಣ್ಣು ಕದಲಲಿಲ್ಲ. ಅವಳೇ ಮೊದಲು ತಲೆ ತಗ್ಗಿಸಿದ್ದು. ಅವನು, "ಇದಿಲ್ಲದೆ ಈ ಆಟವೇ ಇಲ್ಲ, ಡೀಸಾ," ಎಂದ. ಬೇರೆ ಊರಿನ ಹೆಣ್ಣಾಗಿದ್ದರೆ ಅದನ್ನು ಬರೀ ಹೊಗಳಿಕೆ ಅಂದುಕೊಳ್ಳುತ್ತಿದ್ದಳೇನೋ. ಡೀಸಾ ಅಂದು ಹಿಮದಲ್ಲಿ ಮನೆಯವರೆಗೂ ನಡೆದೇ ಹೋದಳು, ಬಸ್ಸು ಮರೆತು.

ಫೆಬ್ರವರಿಯಲ್ಲಿ ಆಟವನ್ನು ಮಾರುವ ಸ್ಟಾಕ್‌ಹೋಮಿನವರು ದೊಡ್ಡ ಗಾಯಕವೃಂದದ ಸಂಗೀತವೊಂದನ್ನು ಕಳಿಸಿದರು. ಅರವತ್ತು ಕಂಠ, ಗುಡುಗಿನಂಥ ದನಿ. ಮುತ್ತಿಗೆಗೆ ಇದನ್ನು ಹಾಕಬಹುದಲ್ಲವೇ, ಬಲವಂತವೇನಿಲ್ಲ ಎಂದು ಬರೆದಿದ್ದರು. ಗುನ್ನೆಲ್ ಗುರುವಾರ ಎಲ್ಲರೂ ಕೂತು ತೀರ್ಮಾನಿಸೋಣ ಎಂದಳು.

ತೀರ್ಮಾನ ಅಂದರೆ ಅಲ್ಲಿ ಕೈ ಎತ್ತಿಸುವುದಿಲ್ಲ, ಜಗಳವೂ ಇಲ್ಲ. ಮೇಜಿನ ಸುತ್ತ ಒಬ್ಬೊಬ್ಬರನ್ನೇ ಕೇಳುತ್ತಾ ಹೋಗುತ್ತಾರೆ. ಯಾರೂ ಬೇಡ ಎನ್ನದಿದ್ದರೆ ಆಯಿತು ಎಂದರ್ಥ. ಒಬ್ಬರು ಬೇಡ ಎಂದರೂ ಮತ್ತೆ ಮೊದಲಿನಿಂದ.

ಡೀಸಾಗೆ ಚಿಂತೆಯಿರಲಿಲ್ಲ. ಟೋರ್ಕೆಲ್ ಹೇಳುತ್ತಾನೆ. ತನ್ನ ರಾಗವನ್ನು ತಾನೇ ಹೊಗಳಿಕೊಳ್ಳುವುದು ಅವಳಿಂದಾಗದ ಕೆಲಸ. ತನ್ನ ಬೆನ್ನು ತಾನೇ ತಟ್ಟಿಕೊಳ್ಳುವವರನ್ನು ಕಂಡರೆ ಆ ಕಡೆಯವರಿಗೆ ಚಿಕ್ಕಂದಿನಿಂದಲೇ ಅಸಹ್ಯ.

ಗುರುವಾರ ಬೆಳಿಗ್ಗೆ ಎರಡನ್ನೂ ಕೇಳಿಸಿದರು. ಚಿತ್ರ ಬಿಡಿಸುವವರು ಗಾಯಕವೃಂದ ಪರವಾಗಿಲ್ಲ ಎಂದರು. ಲೆಕ್ಕ ನೋಡುವವನು ತನಗೆ ಕಿವಿಯೇ ಇಲ್ಲ ಎಂದು ನಗಿಸಿದ. ಸರದಿ ಟೋರ್ಕೆಲ್‌ಗೆ ಬಂತು. ಅವನು ಡೀಸಾಳ ಕಡೆ ನೋಡಿದ. ಉಳಿದವರು ಅವನು ನೋಡಿದ್ದನ್ನು ನೋಡಿದರು. ಯಾರೋ ತುಟಿಯಂಚಿನಲ್ಲಿ ನಕ್ಕರು.

"ನನಗೆ ಯಾವುದಾದ್ರೂ ಸರಿ," ಎಂದ.

ಕಿವಿ ಈ ಸಲವೂ ಕೆಂಪಾಗಿತ್ತು. ನಿಜ ಮಾತ್ರ ಹೊರಬರಲಿಲ್ಲ.

ಕೊನೆಯ ಸರದಿ ಡೀಸಾಳದು. ಗುನ್ನೆಲ್ ಅವಳನ್ನು ಕೇಳಿ, ಎಂದಿಗಿಂತ ಹೆಚ್ಚು ಹೊತ್ತು ಕಾದಳು. ಡೀಸಾಳ ಗಂಟಲಲ್ಲಿ 'ಬೇಡ' ಎನ್ನುವುದು ಬಂದು ಕೂತಿತ್ತು. ಅವನೇ ಹೇಳದ್ದನ್ನು ನಾನು ಬೇಡಿ ಪಡೆಯಬೇಕೇ ಅನ್ನಿಸಿತು. "ಹಾಗೇ ಆಗಲಿ," ಎಂದಳು.

ಆಗಿಹೋಯಿತು.

ಮೇಜು ಒರೆಸುವಾಗ ಗುನ್ನೆಲ್ ಅವಳನ್ನು ನಿಲ್ಲಿಸಿಕೊಂಡು, ಬೈಯುವ ದನಿಯಲ್ಲೇನೂ ಅಲ್ಲ, ತನಗೆ ನಿನ್ನದೇ ಇಷ್ಟವಿತ್ತು ಎಂದಳು. ಸ್ಟಾಕ್‌ಹೋಮಿಗೆ ಹೇಳಲು ಯಾರಾದರೊಬ್ಬರ ಒಂದು 'ಬೇಡ' ಸಾಕಿತ್ತಂತೆ. "ಕಾದೆ ಕಣೇ. ನೀವಿಬ್ರೂ ಒಬ್ಬರ ಮುಖ ಒಬ್ಬರು ನೋಡ್ಕೊಂಡು ಕೂತ್ರಿ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆಡದೆ ಜೋಪಾನ ಮಾಡಿಟ್ಟ ಮಾತು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಯಾರೂ ಹೇಳುವುದಿಲ್ಲ.

ಟೋರ್ಕೆಲ್ ಅವಳ ಕೋಣೆಗೆ ಬಂದಾಗ ಅವಳು ಲೈರ್‌ನ ತಂತಿ ಸಡಿಲಿಸುತ್ತಿದ್ದಳು. ಅವನು ಬಾಗಿಲು ಹಾಕಿ, ಅದಕ್ಕೇ ಬೆನ್ನು ಕೊಟ್ಟು ನಿಂತ. ಎಲ್ಲರಿಗೂ ನಮ್ಮ ವಿಷಯ ಗೊತ್ತು, ನಾನು ಬಾಯಿ ತೆಗೆದಿದ್ದರೆ ರಾಗಕ್ಕಲ್ಲ, ನಿನಗೋಸ್ಕರ ಅಂದುಕೊಳ್ಳುತ್ತಿದ್ದರು, ನಿನ್ನ ಕೆಲಸಕ್ಕೇ ಕೆಟ್ಟ ಹೆಸರು ಎಂದು ಬಿಡಿಸಿ ಹೇಳಿದ. ಆಮೇಲೆ, ಇಷ್ಟು ದಿನ ಹೇಳದ್ದನ್ನೂ ಹೇಳಿದ.

"ನಿನ್ನನ್ನ ಪ್ರೀತಿಸ್ತೀನಿ ಡೀಸಾ. ಅದಕ್ಕೇ ಸುಮ್ಮನಿದ್ದೆ."

ಅವಳ ಕೈ ನಿಂತಿತು. ಈ ಮಾತಿಗಾಗಿ ಚಳಿಗಾಲವಿಡೀ ಕಿವಿ ತೆರೆದಿಟ್ಟು ಕಾದಿದ್ದಳು. ಬಂದದ್ದು ಬಂತು, ಹೀಗೆ.

"ಪ್ರೀತಿ ಇಲ್ದೇ ಇದ್ದಿದ್ರೆ ಹೇಳ್ತಿದ್ಯಾ?"

ಅವನು ಯೋಚಿಸಿದ. ಸುಳ್ಳು ಹೇಳುವವನಲ್ಲ. "ಹೇಳ್ತಿದ್ದೆ."

"ಹಾಗಾದ್ರೆ ಈ ಪ್ರೀತಿ ಇಟ್ಕೊಂಡು ನಾನೇನು ಮಾಡ್ಲಿ ಮಾರಾಯ?"

ಈಗಲೇ ಗುನ್ನೆಲ್ ಹತ್ತಿರ ಹೋಗಿ ಹೇಳುತ್ತೇನೆ ಎಂದ. ಬೇಡ ಎಂದಳು. ಬೆಳಿಗ್ಗೆ ಹೇಳಿದ್ದರೆ ಅದು ರಾಗದ ಮಾತಾಗುತ್ತಿತ್ತು, ಈಗ ಹೇಳಿದರೆ ಅದು ಬರೀ ಸಮಾಧಾನ. ಅವನಿಗೆ ನೋವಾಯಿತು. ನಿನಗೂ ಬಾಯಿತ್ತಲ್ಲ ಎಂದ.

"ಇತ್ತು," ಎಂದು ಡೀಸಾ ಒಪ್ಪಿಕೊಂಡಳು. "ಅದೇ ನನಗೆ ಭಯ. ನಾವಿಬ್ರೂ ಒಂದೇ ಥರ. ಒಂದೇ ಮನೇಲಿದ್ರೆ, ಒಲೆ ಮೇಲೆ ಆಲೂಗಡ್ಡೆ ಸೀದುಹೋಗ್ತಿರತ್ತೆ. ಅವಳು ಏಳಲಿ ಅಂತ ನೀನು, ಅವನು ಏಳಲಿ ಅಂತ ನಾನು. ವಾಸನೆ ಕುಡ್ಕೊಂಡು ಕೂತಿರ್ತೀವಿ, ಸಭ್ಯವಾಗಿ."

ಅವನಿಗೆ ನಗು ಬಂತು. ನಗುವಿನ ಹಿಂದೆಯೇ ಕಣ್ಣು ತುಂಬಿತು. ಅವಳು ಹತ್ತಿರ ಬಂದು ಅವನ ಕೆನ್ನೆಗೆ ಅಂಗೈ ಇಟ್ಟಳು. ಮೊದಲ ಸಲ. ಗಡ್ಡ ಅವಳು ಅಂದುಕೊಂಡದ್ದಕ್ಕಿಂತ ಮೆತ್ತಗಿತ್ತು. ಇದನ್ನು ತಿಳಿಯದೇ ಇದ್ದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಆಮೇಲೆ ಕೋಟು ಹಾಕಿಕೊಂಡಳು. ಗುಂಡಿಗಳನ್ನು ಮೆಲ್ಲಗೆ, ಬೇಕೆಂದೇ ಮೆಲ್ಲಗೆ, ಒಂದೊಂದಾಗಿ ಹಾಕಿದಳು. ಮಫ್ಲರನ್ನು ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದಳು. ಹೋಗಬೇಡ ಎನ್ನುವುದು ಎಷ್ಟು ದೊಡ್ಡ ಮಾತು?

ಟೋರ್ಕೆಲ್ ಅವಳಿಗೆ ದಾರಿ ಬಿಟ್ಟು, ಬಾಗಿಲು ತೆರೆದು ಹಿಡಿದು ನಿಂತ.