ಕೆಂಡು ಅಳುವ ಹೊತ್ತು

“ಇಲ್ಲೇ ಇತ್ತಲ್ಲ! ಇಲ್ಲೇ ಇದ್ದಿದ್ದು ಎಲ್ಲಿಗೆ ಹೋಗುತ್ತೆ?”

ಅಮ್ಮ ಒಂದು ಕೈಯಲ್ಲಿ ದೊಡ್ಡ ಕತ್ತರಿ, ಇನ್ನೊಂದು ಕೈಯಲ್ಲಿ ಫೋನ್ ಹಿಡಿದು ನಿಂತಿದ್ದಳು. ಮೇಜಿನ ಮೇಲೆ ನೀಲಿ ಬಟ್ಟೆ ಹಾಸಿತ್ತು. ಅಮ್ಮನ ಹೆಬ್ಬೆರಳು ಫೋನಿನ ಮೇಲೆ ಕೆಳಗಿಂದ ಮೇಲಕ್ಕೆ, ಮೇಲಿಂದ ಕೆಳಕ್ಕೆ ಓಡುತ್ತಿತ್ತು.

ಚೂಟಿ ಕಿಟಕಿಯ ಹತ್ತಿರ ಕೂತು ಲೆಕ್ಕ ಮಾಡುತ್ತಿದ್ದಳು. ಮಾಡುತ್ತಿದ್ದಳು ಅಂದರೆ, ಪೆನ್ಸಿಲಿನ ತುದಿ ಪುಸ್ತಕದ ಮೇಲಿತ್ತು, ಅಷ್ಟೆ. ಕಿವಿ ಪೂರ್ತಿ ಅಮ್ಮನ ಕಡೆಗಿತ್ತು.

“ಏನಮ್ಮಾ?” ಎಂದಳು. ಸ್ವರ ತನ್ನದಲ್ಲ ಅನ್ನಿಸಿತು.

“ಅಳತೆ ಫೋಟೋಗಳು ಕಣೇ. ಒಂದೂ ಇಲ್ಲ.”

ಅಮ್ಮ ಟೈಲರ್. ಮುಂದಿನ ಕೋಣೆಯೇ ಅವಳ ಅಂಗಡಿ. ಬಟ್ಟೆ ಹೊಲಿಸಲು ಬರುವವರು ತಮಗೆ ಸರಿಯಾಗಿ ಕೂರುವ ಹಳೆಯ ಉಡುಪೊಂದನ್ನೂ ತರುತ್ತಿದ್ದರು. ಅಮ್ಮ ಅದನ್ನು ಮೇಜಿನ ಮೇಲೆ ಸುಕ್ಕಿಲ್ಲದಂತೆ ಹಾಸಿ, ಹಳದಿ ಟೇಪನ್ನು ಅದರ ಮೇಲೆ ಎಳೆದಿಟ್ಟು ಫೋಟೋ ತೆಗೆಯುತ್ತಿದ್ದಳು. ಸೊಂಟಕ್ಕೊಂದು, ಉದ್ದಕ್ಕೊಂದು, ತೋಳಿಗೊಂದು. ಹಳೆಯ ಉಡುಪು ಅವರ ಜೊತೆ ವಾಪಸ್ ಹೋಗುತ್ತಿತ್ತು. ಅಳತೆ ಫೋನಿನಲ್ಲಿ ಉಳಿಯುತ್ತಿತ್ತು.

“ಬರೆದಿಟ್ಟುಕೊಳ್ಳಬಾರದಾ?” ಎಂದು ಯಾರಾದರೂ ಕೇಳಿದರೆ ಅಮ್ಮ ನಗುತ್ತಿದ್ದಳು. “ನಾನು ಬರೆದ ಮೂರು ಮಾರನೇ ದಿನ ನನಗೇ ಎಂಟು ಥರ ಕಾಣ್ಸುತ್ತೆ. ಫೋಟೋ ಆದ್ರೆ ಹಾಗೆಲ್ಲ ಆಟ ಆಡಲ್ಲ.”

ಈಗ ಅಮ್ಮ ನಗುತ್ತಿರಲಿಲ್ಲ.

ಚೂಟಿಗೆ ನಿನ್ನೆಯ ಊಟದ ಬಿಡುವು ನೆನಪಾಯಿತು. ಕ್ಲಾಸಿನಲ್ಲಿ ಎಲ್ಲರೂ ಫೋನಿನಲ್ಲಿ ‘ಡ್ರ್ಯಾಗನ್ ಗೂಡು’ ಆಟ ಆಡುವವರೇ. ಗುಂಗುರು ಕೂದಲಿನ ಹುಡುಗ ಸ್ಪ್ರಿಂಗ್‌ನ ಡ್ರ್ಯಾಗನ್‌ಗೆ ಅವನ ಮಾವ ಚಿನ್ನದ ಬಣ್ಣದ ರೆಕ್ಕೆ ಕೊಡಿಸಿದ್ದರು. ಜೊತೆಗೆ ಕಿರೀಟ, ಬೆಂಕಿಯ ಬಾಲ. ಚೂಟಿಯ ಡ್ರ್ಯಾಗನ್ ಹೆಸರು ಕೆಂಡು. ಮೊಟ್ಟೆ ಒಡೆದು ಬಂದಾಗ ಹೇಗಿತ್ತೋ ಹಾಗೇ ಇತ್ತು.

“ರೆಕ್ಕೆ ಇಲ್ಲದ್ದು ಡ್ರ್ಯಾಗನ್ನಾ? ಹಲ್ಲಿ ಕಣೇ ಅದು!” ಎಂದಿದ್ದ ಸ್ಪ್ರಿಂಗ್. “ಗೋಡೆ ಮೇಲೆ ಬಿಡು, ಸೊಳ್ಳೆ ತಿನ್ಕೊಂಡಿರ್ಲಿ.”

ಎಲ್ಲರೂ ಬಿದ್ದು ಬಿದ್ದು ನಕ್ಕಿದ್ದರು. ಪಕ್ಕದ ಬೆಂಚಿನ ಹುಡುಗಿ ಮಾತ್ರ ನಗದೆ, ಚೂಟಿಯ ಕಿವಿಯಲ್ಲಿ ಹೇಳಿದ್ದಳು: “ಇವತ್ತು ಸಂಜೆಯೊಳಗೆ ಅಪ್‌ಡೇಟ್ ಮಾಡಿದ್ರೆ ಎಲ್ಲರಿಗೂ ಫ್ರೀ ರೆಕ್ಕೆ ಅಂತೆ. ಆಮೇಲೆ ದುಡ್ಡು ಕೊಟ್ಟೇ ತಗೋಬೇಕು.”

ದುಡ್ಡಿನ ವಿಷಯ ಅಮ್ಮನ ಹತ್ತಿರ ಎತ್ತುವಂತಿರಲಿಲ್ಲ. ಒಮ್ಮೆ ಕೇಳಿದ್ದಕ್ಕೆ, “ಮುಟ್ಟೋಕೇ ಆಗದ ಬಟ್ಟೆಗೆ ದುಡ್ಡಾ? ನಿನ್ನ ಡ್ರ್ಯಾಗನ್ನ ಕರ್ಕೊಂಡು ಬಾ, ಅಳತೆ ತಗೊಂಡು ನಾನೇ ಹೊಲಿದುಕೊಡ್ತೀನಿ” ಎಂದಿದ್ದಳು.

ಸಂಜೆ ಮನೆಗೆ ಬಂದವಳೇ ಅಮ್ಮನ ಫೋನ್ ತೆಗೆದುಕೊಂಡು ಅಪ್‌ಡೇಟ್ ಒತ್ತಿದಳು. ಫೋನಿನಲ್ಲಿ ಜಾಗವಿಲ್ಲ ಎಂದು ಬಂತು. ಹೊರಗೆ ಬೆಳಕು ಇಳಿಯುತ್ತಿತ್ತು. ಏನು ಅಳಿಸಲಿ? ತನ್ನ ಹುಟ್ಟುಹಬ್ಬದ ಫೋಟೋಗಳನ್ನು ಮುಟ್ಟಲಿಲ್ಲ. ಅಜ್ಜಿಯ ಫೋಟೋಗಳನ್ನು ಮುಟ್ಟಲಿಲ್ಲ. ಆಮೇಲೆ ಬಂದವು ಹಳದಿ ಟೇಪಿನ ಚಿತ್ರಗಳು. ಎಷ್ಟೊಂದು! ಎಲ್ಲ ಒಂದೇ ಥರ. ಹೊಲಿದು ಮುಗಿದ ಬಟ್ಟೆಗಳೇ ಇರಬೇಕು ಎಂದುಕೊಂಡಳು. ಒಟ್ಟಿಗೆ ಆರಿಸಿ ಅಳಿಸಿದಳು. ಆದರೂ ಜಾಗ ಸಾಲಲಿಲ್ಲ. ಫೋನಿನ ಕಸದ ಬುಟ್ಟಿಯನ್ನೂ ಖಾಲಿ ಮಾಡಿದಳು.

ಕೆಂಡುವಿಗೆ ರೆಕ್ಕೆ ಬಂದವು. ಅದು ಗಾಳಿಯಲ್ಲಿ ಒಂದು ಪಲ್ಟಿ ಹೊಡೆದಾಗ ಚೂಟಿ ಹಾಸಿಗೆಯ ಮೇಲೆ ಕುಣಿದಿದ್ದಳು.

“ಚೂಟಿ, ನೀನೇನಾದ್ರೂ ಒತ್ತಿದ್ಯಾ?” ಫೋನ್ ನೋಡುತ್ತಲೇ ಅಮ್ಮ ಕೇಳಿದಳು.

“ಇಲ್ಲಮ್ಮ.”

ಹೇಳಿದವಳೇ ಪುಸ್ತಕದ ಕಡೆ ಬಗ್ಗಿದಳು.

ಅಮ್ಮ ಅವಳ ಮುಖವನ್ನು ನೋಡಲೂ ಇಲ್ಲ. ಮಗಳು ಇಲ್ಲ ಅಂದರೆ ಇಲ್ಲ. ಕತ್ತರಿ ಕೆಳಗಿಟ್ಟು, ಟೇಪನ್ನು ಕೊರಳಿಗೆ ಹಾಕಿಕೊಂಡಳು. “ಹಾಗಾದ್ರೆ ನಾನೇ ಏನೋ ಮಾಡ್ಕೊಂಡಿದ್ದೀನಿ. ಸೋಮವಾರಕ್ಕೆ ಕೊಡ್ಬೇಕಾದವು ಇವೆ. ಎದ್ದೇಳು, ಅವರವರ ಹತ್ರಾನೇ ಹೋಗಿ ಅಳತೆ ತಗೊಂಡು ಬರೋಣ. ಟೇಪಿನ ಇನ್ನೊಂದು ತುದಿ ಹಿಡಿಯೋಕೆ ನೀನಿರು.”

ಮೊದಲು ಬೀದಿಯ ಕೊನೆಯ ಔಷಧಿ ಅಂಗಡಿ. ಅಂಗಡಿಯ ಆಂಟಿಗೆ ಬಿಳಿ ಕೋಟು ಆಗಬೇಕಿತ್ತು.

“ಕ್ಷಮಿಸಿ. ನನ್ನ ಕೈಯಿಂದಲೇ ಫೋಟೋ ಎಲ್ಲ ಅಳಿಸಿಹೋಯ್ತು. ಏನು ಒತ್ತಿದ್ನೋ ಏನೋ” ಎಂದಳು ಅಮ್ಮ.

“ಅಯ್ಯೋ, ಒಳ್ಳೇದೇ ಆಯ್ತು ಬಿಡಿ!” ಆಂಟಿ ಮಾತ್ರೆಗಳ ಡಬ್ಬಿ ಮುಚ್ಚಿ ಎರಡೂ ಕೈ ಅಗಲಿಸಿ ನಿಂತರು. “ನಾನೂ ಸ್ವಲ್ಪ ಊದಿದ್ದೀನಿ. ಹಳೇ ಅಳತೇಲಿ ಹೊಲಿದಿದ್ರೆ ಗುಂಡಿ ಹಾರಿ ಗಿರಾಕಿ ಕಣ್ಣಿಗೆ ಬೀಳ್ತಿತ್ತು. ಆಮೇಲೆ ಆ ಕಣ್ಣಿಗೂ ನಾನೇ ಡ್ರಾಪ್ಸ್ ಕೊಡ್ಬೇಕು!”

ಅಮ್ಮ ನಕ್ಕಳು. ಚೂಟಿಗೆ ಟೇಪು ಎಟುಕದ್ದನ್ನು ನೋಡಿ ಆಂಟಿ ಕಾಲಿನಿಂದಲೇ ಒಂದು ಸ್ಟೂಲನ್ನು ಅವಳ ಕಡೆ ತಳ್ಳಿದರು. ಚೂಟಿ ಹತ್ತಿ ನಿಂತಳು. ಯಾರಾದರೂ ಬೈದರೆ ವಾಸಿ ಅನ್ನಿಸಿತು.

ಮುಂದಿನ ಬೀದಿಯ ಎತ್ತರದ ಕಟ್ಟಡದಲ್ಲಿ ಇನ್ನಿಬ್ಬರು ಗಿರಾಕಿಗಳಿದ್ದರು. ಮೊದಲ ಮಹಡಿಯ ಲಾಯರ್ ಬೈಯಲು ತಯಾರಾಗಿಯೇ ಇದ್ದರು.

“ಫೋನಲ್ಲಿ ಅಳತೆ ಇಟ್ಕೊಳ್ಳೋ ಟೈಲರ್‌ನ ಇವತ್ತೇ ನೋಡಿದ್ದು ನಾನು. ಇವತ್ತು ಅಳತೆ ಹೋಯ್ತು, ನಾಳೆ ಬಟ್ಟೆನೇ ಹೋಯ್ತು ಅಂತೀರಿ. ನನ್ನ ಬಟ್ಟೆ ತಂದಿದ್ದೀರಾ? ಕೊಟ್ಬಿಡಿ.”

“ಸರ್, ಇಲ್ಲೇ ಒಂದು ನಿಮಿಷದಲ್ಲಿ—”

“ಕೊಟ್ಬಿಡೀಮ್ಮಾ.”

ಅಮ್ಮ ಚೀಲದಿಂದ ಕಪ್ಪು ಬಟ್ಟೆ ತೆಗೆದು, ಮಡಿಕೆ ಸರಿಮಾಡಿ, ಎರಡೂ ಕೈಯಲ್ಲಿ ಕೊಟ್ಟಳು. ಬಾಗಿಲು ಮುಚ್ಚಿತು.

ಮೆಟ್ಟಿಲ ಮೇಲೆ ಅಮ್ಮ ಕಂಬಿ ಹಿಡಿದು ನಿಂತುಬಿಟ್ಟಳು. “ನಿಮ್ಮಜ್ಜಿಗೂ ಹೀಗೇ ಶುರುವಾಗಿದ್ದು ಕಣೇ” ಎಂದಳು ಮೆಲ್ಲಗೆ. “ಮೊದಲು ಬೀಗದ ಕೈ ಎಲ್ಲೋ ಇಟ್ಟು ಮರೆತ್ರು. ಆಮೇಲೆ ಮನೆ ದಾರಿ. ನಾನು ಅಷ್ಟೊಂದು ಫೋಟೋ ಅಳಿಸಿದ್ದೀನಿ, ಅಳಿಸಿದ್ದೇ ನೆನಪಿಲ್ಲ ಅಂದ್ರೆ...”

ಮಾತು ಅಲ್ಲಿಗೇ ಬಿಟ್ಟು ಹತ್ತತೊಡಗಿದಳು.

ಅಮ್ಮ ಬೈಯುತ್ತಾಳೆ ಎಂದಷ್ಟೇ ಹೆದರಿದ್ದಳು ಚೂಟಿ. ಅಮ್ಮ ತನಗೆ ತಾನೇ ಹೆದರುತ್ತಾಳೆ ಎಂದು ಯೋಚಿಸಿರಲಿಲ್ಲ. ಹೇಳಬೇಕು. ಈಗಲೇ. ಮುಂದಿನ ಮೆಟ್ಟಿಲಲ್ಲಿ. ಅದರ ಮುಂದಿನದರಲ್ಲಿ. ಅಷ್ಟರಲ್ಲಿ ಬಸ್ ಡ್ರೈವರ್ ಅಂಕಲ್ ಮನೆ ಬಂದೇಬಿಟ್ಟಿತು.

ಅಂಕಲ್ ಮೀಸೆ ದೊಡ್ಡದು, ನಗುವೂ ದೊಡ್ಡದು. ಸೋಮವಾರದಿಂದ ಅವರ ಡಿಪೋದಲ್ಲಿ ಎಲ್ಲರಿಗೂ ನೀಲಿ ಸಮವಸ್ತ್ರ.

“ಪ್ಯಾಂಟ್ ಇಲ್ದಿದ್ರೆ ಬಸ್ ಹತ್ತಿಸಲ್ಲ ನನ್ನ. ತಗೊಳ್ಳಿ ತಗೊಳ್ಳಿ, ಅಳತೆ ತಾನೇ” ಎಂದು ಕೋಣೆಯ ನಡುವೆ ನೆಟ್ಟಗೆ ನಿಂತರು.

ಅಮ್ಮ ಸೊಂಟದ ಹತ್ತಿರ ಟೇಪು ಹಿಡಿದಳು. ಚೂಟಿ ನೆಲದ ಮೇಲೆ ಕೂತು ಇನ್ನೊಂದು ತುದಿಯನ್ನು ಅಂಕಲ್ ಹಿಮ್ಮಡಿಗೆ ಒತ್ತಿದಳು.

ಆಗ ಅಳು ಕೇಳಿಸಿತು.

“ಊಂ... ಊಂ... ನನಗೆ ಹಸಿವು... ನೀನೆಲ್ಲಿದ್ದೀಯ?”

ಕೆಂಡು! ಮಧ್ಯಾಹ್ನದ ಊಟದ ಹೊತ್ತು ಅದಕ್ಕೆ. ಚೂಟಿಯ ಕೈ ತಾನಾಗಿ ಟೇಪು ಬಿಟ್ಟು ಅಮ್ಮನ ಚೀಲದ ಕಡೆ ಹೊರಟಿತು. ಆದರೆ ಅಳು ಚೀಲದಿಂದ ಮಾತ್ರ ಬರುತ್ತಿರಲಿಲ್ಲ. ಅಂಕಲ್ ಜೇಬಿನಿಂದಲೂ ಬರುತ್ತಿತ್ತು. ಅದೇ ಊಂ. ಅದೇ ಹಸಿವು. ಅದೇ ನೀನೆಲ್ಲಿದ್ದೀಯ. ಒಂದು ಅಕ್ಷರ ಹಿಂದೆ ಮುಂದೆ ಇಲ್ಲ.

“ಅಲ್ಲಾಡಬೇಡಿ!” ಎಂದಳು ಅಮ್ಮ.

“ಒಂದೇ ನಿಮಿಷ, ಒಂದೇ ನಿಮಿಷ.” ಅಂಕಲ್ ನಿಂತಲ್ಲೇ ಬಾಗಿ ಜೇಬಿಗೆ ಕೈ ಹಾಕಿ, ಪರದೆಯನ್ನು ಎರಡು ಸಲ ಒತ್ತಿ, ಉಸಿರುಬಿಟ್ಟರು. ಆಮೇಲೆ ಚೀಲದ ಕಡೆ ನೋಡಿ, ಚೂಟಿಯ ಕಡೆ ನೋಡಿದರು. “ಓಹೋ! ನಿಂದೂ ಹಸಿದಿದೆಯಾ?”

ಚೂಟಿ ತಲೆಯಾಡಿಸಿ, ಚೀಲದಿಂದ ಫೋನ್ ತೆಗೆದು ಕೆಂಡುವಿಗೂ ಬೇಗಬೇಗ ಊಟ ಕೊಟ್ಟಳು. ಕೆಂಡು ತನ್ನೊಬ್ಬಳನ್ನೇ ಕರೆಯುತ್ತದೆ ಎಂದು ಇದುವರೆಗೆ ಅಂದುಕೊಂಡಿದ್ದಳು ಅವಳು.

“ಏನ್ರೀ ಇದು, ನೀವೂನಾ?” ಅಮ್ಮನಿಗೆ ನಗು ತಡೆಯಲಾಗಲಿಲ್ಲ.

“ಏನು ಹೇಳ್ಲಿ. ಡಿಪೋದಲ್ಲಿ ಬಸ್ ಹೊರಡೋವರೆಗೆ ಟೈಂಪಾಸ್ ಅಂತ ಹಾಕ್ಕೊಂಡಿದ್ದು. ಆಟ ಚೆನ್ನಾಗೇ ಇದೆ, ಸುಳ್ಳು ಯಾಕೆ ಹೇಳ್ಬೇಕು? ಒಂದು ಸಲ ಅದಕ್ಕೆ ಟೋಪಿ ಕೊಡಿಸಿದೆ. ಆಮೇಲೆ ಟೋಪಿಗೆ ಒಪ್ಪೋ ಬೂಟು. ಬೂಟಿಗೆ ಒಪ್ಪೋ ಕೋಟು. ಟೋಪಿ ಅದರ ತಲೆ ಮೇಲಿದೆ, ಹಾಕಿಸ್ಕೊಂಡಿದ್ದು ಮಾತ್ರ ನಾನು.” ಅಂಕಲ್ ಮೀಸೆ ಸವರಿಕೊಂಡರು. ಒಳಗಿನ ಮುಚ್ಚಿದ ಬಾಗಿಲಿನ ಕಡೆ ಒಮ್ಮೆ ನೋಡಿ ಸ್ವರ ತಗ್ಗಿಸಿದರು. “ನಿನ್ನೆ ಫ್ರೀ ರೆಕ್ಕೆ ಅಂದ್ರಲ್ಲ. ಫೋನಲ್ಲಿ ಜಾಗ ಇರಲಿಲ್ಲ. ಅವಸರದಲ್ಲಿ ಯಾವುದೋ ವಿಡಿಯೋ ಅಳಿಸಿದೆ. ಮಗಳು ಶಾಲೇಲಿ ಮೊದಲನೇ ಸಲ ಸ್ಟೇಜ್ ಹತ್ತಿ ಹಾಡಿದ್ದಳು. ಅದೇ ಹೋಯ್ತು. ರೆಕ್ಕೆ ಬಂತು. ಮಗಳು ಮಾತು ಬಿಟ್ಟಿದ್ದಾಳೆ.”

ಅಮ್ಮನ ಕೈಯಲ್ಲಿ ಟೇಪು ಅಲ್ಲಾಡದೆ ನಿಂತಿತು.

“ಅಮ್ಮಾ.” ಚೂಟಿ ನೆಲ ನೋಡುತ್ತಲೇ ಹೇಳಿದಳು. “ನೀನು ಏನೂ ಮರ್ತಿಲ್ಲ. ಅಳಿಸಿದ್ದು ನಾನು. ರೆಕ್ಕೆಗೆ.”

ಚೂಟಿ ಕಣ್ಣೆತ್ತಿ ನೋಡಿದಾಗ ಅಮ್ಮನ ಭುಜಗಳು ಕೆಳಗಿಳಿದಿದ್ದವು, ಭಾರದ ಚೀಲ ಇಳಿಸಿದವರ ಹಾಗೆ. ಸಿಟ್ಟು ಅದರ ಹಿಂದೆಯೇ ಬಂತು. ಮೂಗಿನ ತುದಿ ಕೆಂಪಾಯಿತು.

“ಬೆಳಿಗ್ಗೆ ಕೇಳಿದ್ನಲ್ಲ ನಿನ್ನ.”

“ಹೂಂ.”

“ಹೂಂ ಅಂತೆ ಹೂಂ. ಟೇಪ್ ಸರಿಯಾಗಿ ಹಿಡಿ. ಅವರು ಎಷ್ಟೊತ್ತು ನಿಂತಿರ್ತಾರೆ?”

ಡ್ರೈವರ್ ಅಂಕಲ್ ಉಸಿರು ಬಿಗಿಹಿಡಿದು, ಕಂಬದ ಹಾಗೆ ನಿಂತರು. ಹೊರಡುವಾಗ ಚೂಟಿಗೆ ಮಾತ್ರ ಕೇಳುವಂತೆ, “ನೀನು ಹೇಳ್ಬಿಟ್ಟೆ. ನಾನಿನ್ನೂ ಮಗಳ ಬಾಗಿಲು ತಟ್ಟಿಲ್ಲ” ಎಂದರು.

ಇಳಿಯುವಾಗ ಲಾಯರ್ ಮನೆಯ ಮುಂದೆ ಚೂಟಿ ನಿಂತಳು. ಅಮ್ಮ ನೋಡುತ್ತಿದ್ದಂತೆ ಬೆಲ್ ಒತ್ತಿದಳು.

“ಸರ್, ಅಮ್ಮ ಅಲ್ಲ. ಫೋಟೋ ಅಳಿಸಿದ್ದು ನಾನು.”

ಲಾಯರ್ ಕನ್ನಡಕದ ಮೇಲಿನಿಂದ ಅವಳನ್ನು ನೋಡಿದರು. “ಸರಿ” ಎಂದರು. ಬಾಗಿಲು ಮತ್ತೆ ಮುಚ್ಚಿತು. ಕಪ್ಪು ಬಟ್ಟೆ ಒಳಗೇ ಉಳಿಯಿತು.

ಬೀದಿಯುದ್ದಕ್ಕೂ ಅಮ್ಮ ಮುಂದೆ ಮುಂದೆ ನಡೆದಳು. ರಸ್ತೆ ದಾಟುವಾಗ ಮಾತ್ರ ಎಂದಿನಂತೆ ಕೈ ಹಿಂದಕ್ಕೆ ಚಾಚಿದಳು. ಚೂಟಿ ಹಿಡಿದುಕೊಂಡಳು.

ಅಂದು ರಾತ್ರಿ ಮನೆಯಲ್ಲಿ ಅಮ್ಮ ನೀಲಿ ಬಟ್ಟೆಯ ಮುಂದೆ ಸೀಮೆಸುಣ್ಣ ಹಿಡಿದು ನಿಂತಳು. ಅಂಕಲ್ ಮನೆಯಲ್ಲಿ ಹೊಸದಾಗಿ ತೆಗೆದ ಫೋಟೋಗಳಿದ್ದ ಫೋನನ್ನು ಚೂಟಿಯ ಕೈಗೆ ಕೊಟ್ಟು, “ಒಂದೊಂದಾಗಿ ನೋಡಿ ಹೇಳು” ಎಂದಳು.

ಚೂಟಿ ಸೊಂಟದ ಅಳತೆ ಹೇಳಿದಳು. ಅಮ್ಮ ಗೆರೆ ಎಳೆದಳು. ಚೂಟಿ ಮುಂದಿನ ಫೋಟೋ ತೆಗೆಯುವಷ್ಟರಲ್ಲಿ ಫೋನ್ ಕೈಯಲ್ಲೇ ನಡುಗಿತು.

“ಊಂ... ಊಂ... ನನಗೆ ಹಸಿವು... ನೀನೆಲ್ಲಿದ್ದೀಯ?”

ಅಮ್ಮ ತಲೆಯೆತ್ತಲಿಲ್ಲ. ಸೀಮೆಸುಣ್ಣ ಮಾತ್ರ ಬಟ್ಟೆಯ ಮೇಲೆ ನಿಂತಿತು.

ಚೂಟಿಯ ಹೆಬ್ಬೆರಳು ತುರಿಸಿತು. ಈಗ ಡ್ರೈವರ್ ಅಂಕಲ್ ಕೈ ಜೇಬಿಗೆ ಹೋಗುತ್ತಿರುತ್ತದೆ ಎಂದುಕೊಂಡಳು. ಸ್ಪ್ರಿಂಗ್ ತಟ್ಟೆ ಬಿಟ್ಟು ಎದ್ದಿರುತ್ತಾನೆ. ಪಕ್ಕದ ಬೆಂಚಿನ ಹುಡುಗಿಯೂ. ಎಷ್ಟು ಮನೆಗಳಲ್ಲಿ ಇದೇ ಊಂ, ಇದೇ ಹೊತ್ತಿಗೆ!

ಕೆಂಡು ಇನ್ನೂ ಜೋರಾಗಿ ಅತ್ತಿತು. ಚೂಟಿ ಫೋನನ್ನು ಮೇಜಿನ ಮೇಲಿಟ್ಟು, ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಳು. ಅಳು ಏರಿತು. ಒಮ್ಮೆ ಬಿಕ್ಕಿತು.

ಆಮೇಲೆ ತಾನಾಗಿಯೇ ನಿಂತಿತು.

ಚೂಟಿ ಬೆರಗಾಗಿ ಫೋನನ್ನೇ ನೋಡಿದಳು. ಇಷ್ಟು ದಿನ ಅದು ನಿಲ್ಲುವವರೆಗೆ ಅವಳು ಕಾದಿರಲೇ ಇಲ್ಲ. ಕೋಣೆಯಲ್ಲಿ ಗೋಡೆ ಗಡಿಯಾರದ ಸದ್ದು ಕೇಳಿಸುತ್ತಿತ್ತು.

“ಉದ್ದ ಎಷ್ಟು?” ಎಂದಳು ಅಮ್ಮ.

ಚೂಟಿ ಫೋನನ್ನು ಎತ್ತಿಕೊಂಡು, ಹಳದಿ ಟೇಪಿನ ಚಿತ್ರವನ್ನು ದೊಡ್ಡದು ಮಾಡಿ, ನಿಧಾನವಾಗಿ ಓದಿ ಹೇಳಿದಳು.