ಒಂಬತ್ತನೇ ಇನಿಂಗ್ಸಿನ ಬಕೆಟ್

“ಕಾಲು! ಅವಳ ಕಾಲು ನೋಡ್ರಪ್ಪಾ! ಎರಡೂ ಚಪ್ಪಲಿ ಹಾಕ್ಕೊಂಡಿದ್ದಾಳೆ!”

ಕ್ಷೌರದಂಗಡಿಯ ವಿಲ್ಕಿನ್ ಕುರ್ಚಿಯಿಂದ ಎದ್ದು ನಿಂತು ಕೂಗಿದ. ದಿನಸಿ ಅಂಗಡಿಯಲ್ಲಿದ್ದವರೆಲ್ಲ ಟಿ.ವಿ.ಯ ಬೇಸ್‌ಬಾಲ್ ಆಟ ಬಿಟ್ಟು ಮಾಯೆಲಿನ್‌ಳ ಕಾಲು ನೋಡಿದರು.

“ಇನ್ನೂ ಏಳನೇ ಇನಿಂಗ್ಸ್ ನಡೀತಿದೆ, ವಿಲ್ಕಿನ್ ಮಾಮ,” ಎಂದಳು ಮಾಯೆಲಿನ್. “ಚಪ್ಪಲಿ ಬಿಡೋದು ಒಂಬತ್ತರಲ್ಲಿ ತಾನೇ?”

“ಈಗಲೇ ಬಿಟ್ರೆ ನಿನ್ನ ಗಂಟೇನು ಹೋಗುತ್ತೆ?”

ಹತ್ತು ವರ್ಷದ ಮಾಯೆಲಿನ್ ಎಡಗಾಲಿನ ಚಪ್ಪಲಿ ಬಿಚ್ಚಿ ತಾತನ ಕೈಗೆ ಕೊಟ್ಟಳು. ಅಂಗಡಿ ತಾತನದೇ. ಅವರು ಚಪ್ಪಲಿಯನ್ನು ಏಪ್ರನ್ ಜೇಬಿಗೆ ಇಳಿಸಿಕೊಂಡು, ಏನೂ ಆಗಿಲ್ಲವೆಂಬಂತೆ ಮತ್ತೆ ಈರುಳ್ಳಿ ತೂಗತೊಡಗಿದರು.

ಇದೆಲ್ಲ ಶುರುವಾದದ್ದು ಹತ್ತು ಭಾನುವಾರಗಳ ಹಿಂದೆ. ಅವತ್ತು ಮಾಯೆಲಿನ್ ಅಮ್ಮನ ಮೇಲೆ ಮುನಿಸಿಕೊಂಡು ಅಂಗಡಿಯ ಹಿಂದಿನ ಗೋಡೌನಿನಲ್ಲಿ, ಮಗುಚಿಟ್ಟ ನೀಲಿ ಬಕೆಟ್ಟಿನ ಮೇಲೆ ಗೋಡೆಗೆ ಮುಖ ಮಾಡಿ ಕೂತಿದ್ದಳು. ಒಂದು ಚಪ್ಪಲಿಯನ್ನು ಬೀದಿನಾಯಿ ಎತ್ತಿಕೊಂಡು ಹೋಗಿತ್ತು. ಕೈಯಲ್ಲೊಂದು ಬಾಳೆಕಾಯಿ ಇತ್ತು. ಯಾಕಿತ್ತೋ ಅವಳಿಗೇ ಗೊತ್ತಿಲ್ಲ.

ಅದೇ ಹೊತ್ತಿಗೆ ಟಿ.ವಿ.ಯಲ್ಲಿ ರಾದಾಮೆಸ್ ಒಬ್ಬರ ಹಿಂದೆ ಒಬ್ಬರಂತೆ ಮೂವರನ್ನು ಔಟ್ ಮಾಡಿ ಪೆಲಿಕನ್ಸ್ ತಂಡವನ್ನು ಗೆಲ್ಲಿಸಿದ.

ರಾದಾಮೆಸ್ ಕೊನೆಯ, ಅಂದರೆ ಒಂಬತ್ತನೇ ಇನಿಂಗ್ಸಿಗೆ ಮಾತ್ರ ಬಂದು ಚೆಂಡೆಸೆಯುವ ಪಿಚರ್. ತಂಡ ಮುಂದಿದ್ದಾಗ ಬಂದು, ಎದುರಾಳಿಗೆ ರನ್ ಕೊಡದ ಹಾಗೆ ಚೆಂಡೆಸೆದು ಆಟ ಮುಗಿಸುವುದು ಅವನ ಕೆಲಸ. ಊರಿನವರು ಅವನಿಗೆ ‘ಬೀಗ’ ಅಂತ ಹೆಸರಿಟ್ಟಿದ್ದರು.

ಅವಳು ಹಾಗೆ ಕೂತದ್ದೇ ಶುಭಶಕುನವೆಂದು ಬೀದಿಯವರು ನಂಬಿದರು. ಆವತ್ತಿನಿಂದ ಪ್ರತಿ ಭಾನುವಾರ, ಒಂಬತ್ತನೇ ಇನಿಂಗ್ಸ್ ಬಂತೆಂದರೆ ಮಾಯೆಲಿನ್ ಬಕೆಟ್ ಮೇಲೆ ಕೂರಬೇಕು. ಒಂದೇ ಚಪ್ಪಲಿ. ಕೈಯಲ್ಲಿ ಬಾಳೆಕಾಯಿ. ಮುಖ ಗೋಡೆಗೆ. ಏಳು ಭಾನುವಾರ ಬೀಗ ಗಟ್ಟಿಯಾಗಿ ಬಿತ್ತು. ಬೀದಿಯವರು ಅವಳಿಗೆ ಐಸ್‌ಕ್ರೀಮ್ ಕೊಡಿಸಿದರು.

ಆಮೇಲೆ ಬೀಗ ಕೆಟ್ಟಿತು. ಸಾಲಾಗಿ ಮೂರು ಭಾನುವಾರ ರಾದಾಮೆಸ್ ಗೆಲ್ಲುವ ಆಟ ಸೋತ. ಸೋಮವಾರ ಹಾಜರಿ ಕರೆಯುವಾಗ ಗಣಿತದ ಟೀಚರ್ ಕೂಡ ಕನ್ನಡಕದ ಮೇಲಿಂದ ನೋಡಿ, “ನಿನ್ನೆ ಸರಿಯಾಗಿ ಕೂತಿದ್ಯೇನಮ್ಮ?” ಎಂದು ಕೇಳಿದರು. ಇಡೀ ಕ್ಲಾಸ್ ತಿರುಗಿ ನೋಡಿತು. ಮಾಯೆಲಿನ್‌ಗೆ ಅಳು ಬಂದಿತ್ತು, ಅದಕ್ಕಿಂತ ಹೆಚ್ಚಾಗಿ ಆ ರಾದಾಮೆಸ್ ಮೇಲೆ ಸಿಟ್ಟು ಬಂದಿತ್ತು.

ಈಗ ಪೆಲಿಕನ್ಸ್ ಐದು, ಎದುರಾಳಿ ಎರಡು.

“ಮ್ಯಾನೇಜರ್‌ಗೆ ಬುದ್ಧಿ ಇದ್ರೆ ಇವತ್ತು ರಾದಾಮೆಸ್‌ನ ಒಂಬತ್ತಕ್ಕೆ ಇಳಿಸಬಾರದು,” ಎಂದ ವಿಲ್ಕಿನ್. “ಈಗ್ಲೇ, ಏಳರಲ್ಲೇ ಹಾಕ್ಲಿ. ಮೂರು ರನ್ ಮುಂದಿದೀವಿ. ಹೆದರಿಕೆ ಇರಲ್ಲ, ಕೈ ಸಡಿಲ ಆಗುತ್ತೆ.”

“ಅದೆಲ್ಲ ಸುಳ್ಳು,” ಎಂದರು ಬಾಣಲೆಯ ಮುಂದಿದ್ದ ಎನೆರಾ ಅತ್ತೆ. ಅವರು ಅಂಗಡಿಯ ಬಾಗಿಲಲ್ಲೇ ಚೀಸ್ ಕರಿದು ಮಾರುತ್ತಾರೆ. “ಜಾಗ ಕಿತ್ಕೊಂಡ್ರೆ ಮನುಷ್ಯ ಇನ್ನೂ ಕುಗ್ಗಿ ಹೋಗ್ತಾನೆ. ಎರಡು ವಾರ ರೆಸ್ಟ್ ಕೊಡಿ. ಅವರಮ್ಮನ ಕೈಯಡುಗೆ ತಿಂದು ಬರ್ಲಿ.”

“ರೆಸ್ಟಾ? ಶಿಕ್ಷೆ ಕೊಡ್ಬೇಕು!” ನಿವೃತ್ತ ಪೊಲೀಸ್ ಸಾರ್ಜೆಂಟ್ ಮೆರಾನ್ ಮೇಜು ಗುದ್ದಿದರು. ಡೊಮಿನೊ ಆಟದ ಬಿಲ್ಲೆಗಳು ಎಗರಿದವು. “ಗ್ರೌಂಡ್ ಸುತ್ತ ಐವತ್ತು ಸುತ್ತು ಓಡಿಸ್ಬೇಕು.”

“ಮತ್ತೆ ಇವಳು?” ಎಂದ ವಿಲ್ಕಿನ್.

ಎಲ್ಲರೂ ಮಾಯೆಲಿನ್ ಕಡೆ ತಿರುಗಿದರು.

“ಇವಳನ್ನೂ ಏಳರಲ್ಲೇ ಕೂರಿಸೋಣ,” ಎಂದ ವಿಲ್ಕಿನ್.

“ಮಗೂಗೆ ರೆಸ್ಟ್ ಕೊಡಿ,” ಎಂದರು ಎನೆರಾ ಅತ್ತೆ.

“ಐವತ್ತು ಸುತ್ತು!” ಎಂದರು ಸಾರ್ಜೆಂಟ್.

“ನನ್ನನ್ನ ಯಾರಾದ್ರೂ ಕೇಳ್ತೀರಾ?” ಎಂದಳು ಮಾಯೆಲಿನ್.

ಯಾರೂ ಕೇಳಲಿಲ್ಲ. ಎಂಟನೇ ಇನಿಂಗ್ಸಿಗೆ ಪ್ರಯೋಗಕ್ಕಾಗಿ ಸಾರ್ಜೆಂಟ್ ಅವರನ್ನೇ ಬಕೆಟ್ ಮೇಲೆ ಕೂರಿಸುವುದೆಂದು ತೀರ್ಮಾನವಾಯಿತು. ಅವರು ಒಂದು ಬೂಟು ಬಿಚ್ಚಿ, ಬಾಳೆಕಾಯಿಯನ್ನು ಲಾಠಿಯಂತೆ ಹಿಡಿದು ಗೋಡೌನಿಗೆ ನಡೆದರು. ಬೂಟನ್ನು ಜೇಬಿಗೆ ಹಾಕಿಕೊಳ್ಳಲು ಮಾತ್ರ ತಾತ ಒಪ್ಪಲಿಲ್ಲ.

ಐದು ನಿಮಿಷದಲ್ಲಿ ಎದುರಾಳಿ ಎರಡು ರನ್ ಹೊಡೆಯಿತು. ಐದು, ನಾಲ್ಕು! ವಿಲ್ಕಿನ್ ಓಡಿಹೋಗಿ ನೋಡಿದರೆ ಸಾರ್ಜೆಂಟ್ ಗೋಡೆಗೆ ಹಣೆಯಿಟ್ಟು ಗೊರಕೆ ಹೊಡೆಯುತ್ತಿದ್ದರು.

“ಏನ್ ಮಾಡ್ಲಪ್ಪಾ, ಮೂವತ್ತು ವರ್ಷ ಠಾಣೆಯಲ್ಲಿ ಗೋಡೆ ನೋಡಿದ್ದೇ ನೋಡಿದ್ದು. ಗೋಡೆ ಕಂಡ್ರೆ ನಿದ್ದೆ ಬರುತ್ತೆ,” ಎಂದು ಅವರು ಕಣ್ಣುಜ್ಜಿಕೊಂಡು ಬಂದರು.

“ಮಾಯೆಲಿನ್! ಓಡು!”

ಮತ್ತೆ ಅದೇ ಬಕೆಟ್, ಅದೇ ಬಾಳೆಕಾಯಿ, ಅದೇ ಗೋಡೆ. ಹೊರಗೆ ಟಿ.ವಿ.ಯವನು ಹೇಳುವುದು ಕೇಳಿಸಿತು: ಒಂಬತ್ತನೇ ಇನಿಂಗ್ಸ್, ರಾದಾಮೆಸ್ ಬರುತ್ತಿದ್ದಾನೆ.

“ಮತ್ತೆ ಅವನನ್ನೇ ಕರೆದ್ನಲ್ಲ, ಈ ಮ್ಯಾನೇಜರ್!” ವಿಲ್ಕಿನ್ ತಲೆ ಚಚ್ಚಿಕೊಂಡ ಸದ್ದೂ ಕೇಳಿಸಿತು.

ಒಬ್ಬ ಔಟ್. ಅಂಗಡಿ ಕುಣಿಯಿತು. ಇನ್ನೊಬ್ಬ ಔಟ್. ಎನೆರಾ ಅತ್ತೆ ಬಾಣಲೆಯನ್ನು ಜಾಲರಿಯಿಂದ ಬಡಿದರು. ಇನ್ನೊಬ್ಬ ಔಟಾದರೆ ಗೆಲುವು.

ಆಮೇಲೆ ನಾಲ್ಕು ಎಸೆತ ಗುರಿ ತಪ್ಪಿದವು: ಬಾಲ್, ಬಾಲ್, ಬಾಲ್, ಬಾಲ್. ಬ್ಯಾಟರ್ ಚೆಂಡು ಮುಟ್ಟದೆ ಬಿಟ್ಟಿಯಾಗಿ ಮೊದಲ ಬೇಸಿಗೆ ನಡೆದ. ಮುಂದಿನವನಿಗೂ ಹಾಗೇ ಆಯಿತು.

“ಥೂ, ಇವನ ಕೈಗಿಷ್ಟು!” “ಮನೆಗೆ ಕಳಿಸಿ ಅವನನ್ನ!” “ಏ ಮಾಯೆಲಿನ್, ನೆಟ್ಟಗೆ ಕೂರೇ!”

ಮಾಯೆಲಿನ್ ನೆಟ್ಟಗೇ ಕೂತಿದ್ದಳು. ಬೆನ್ನು ನೋಯುತ್ತಿತ್ತು. ಅಂಗೈ ಬೆವತು ಬಾಳೆಕಾಯಿ ಜಾರುತ್ತಿತ್ತು. ಕೈಯನ್ನು ಲಂಗಕ್ಕೆ ಒರೆಸಿಕೊಂಡಳು. ಎಲ್ಲಾ ಅವನಿಂದಲೇ! ಅವನಿಗಾಗಿ ಇಷ್ಟು ಭಾನುವಾರ ಇಲ್ಲಿ ಕೂತಿದ್ದಾಳೆ, ಅವನು ಎಸೆಯುವುದನ್ನು ಒಂದು ದಿನವಾದರೂ ನೋಡಿದ್ದಾಳೆಯೇ? ಬೈಯುವುದಾದರೆ ಮುಖ ನೋಡಿಯೇ ಬೈಯಬೇಕು. ಅವಳು ಎದ್ದಳು.

ಅಕ್ಕಿ ಮೂಟೆಗಳ ಸಂದಿಯಿಂದ ಬಂದು ಬಾಗಿಲ ಬಳಿ ನಿಂತಳು. ಯಾರೂ ಗಮನಿಸಲಿಲ್ಲ. ಟಿ.ವಿ. ತುಂಬ ರಾದಾಮೆಸ್‌ನ ಮುಖ ಇತ್ತು.

ಅವಳು ಅಂದುಕೊಂಡಂಥ ಮುಖ ಅದಲ್ಲ. ಅವನು ತುಟಿ ಸವರಿಕೊಂಡ. ಅಂಗೈಯನ್ನು ಪ್ಯಾಂಟಿಗೆ ಒರೆಸಿದ. ಮತ್ತೆ ಒರೆಸಿದ. ಉಗುಳು ನುಂಗಿದ. ಸಾವಿರಾರು ಜನ ಅರಚುತ್ತಿದ್ದರು, ಮಧ್ಯೆ ಅವನೊಬ್ಬನೇ ನಿಂತಿದ್ದ.

ಮಾಯೆಲಿನ್ ಮನಸ್ಸಿನಲ್ಲಿ ಜೋಡಿಸಿಟ್ಟುಕೊಂಡಿದ್ದ ಬೈಗುಳವೆಲ್ಲ ಮರೆತುಹೋಯಿತು. “ಪಾಪ, ಇವನಿಗೂ ಕೈ ಬೆವರುತ್ತೆ,” ಅಂದುಕೊಂಡಳು.

ರಾದಾಮೆಸ್ ಎಸೆದ. ಟಣ್! ಚೆಂಡು ದೂರದ ಗೋಡೆಗೆ ಬಡಿಯಿತು. ಬೇಸ್‌ಗಳ ಮೇಲಿದ್ದ ಇಬ್ಬರೂ ಓಡಿ ಬಂದು ರನ್ ಮಾಡಿದರು. ಐದು, ಆರು. ಆಟ ಮುಗಿಯಿತು.

ಅಂಗಡಿಯಲ್ಲಿದ್ದವರೆಲ್ಲ ಒಟ್ಟಿಗೇ ಗೋಡೌನಿನ ಕಡೆ ತಿರುಗಿದರು. ಅಲ್ಲಿ, ಬಾಗಿಲಲ್ಲಿ, ಬಾಳೆಕಾಯಿ ಹಿಡಿದ ಮಾಯೆಲಿನ್ ನಿಂತಿದ್ದಳು.

“ಎದ್ದು ಬಂದಿದ್ದಾಳೆ!” ವಿಲ್ಕಿನ್ ಎದೆ ಹಿಡಿದುಕೊಂಡ.

ಸಾರ್ಜೆಂಟ್ ಜೇಬಿನಿಂದ ನೋಟ್‌ಬುಕ್ ತೆಗೆದರು. “ಎಷ್ಟು ಹೊತ್ತಿಗೆ ಎದ್ದೆ? ನಿಜ ಹೇಳು.”

“ಎರಡನೇ ಬಿಟ್ಟಿ ಬೇಸ್ ಆದ್ಮೇಲೆ. ಎರಡು ಬಿಟ್ಟಿ ಬೇಸೂ ನಾನು ಕೂತಿದ್ದಾಗ್ಲೇ ಆಗಿದ್ದು.”

ಸಾರ್ಜೆಂಟ್ ಪೆನ್ಸಿಲ್ ಕಚ್ಚಿ ಯೋಚಿಸಿದರು.

“ಹಾಗಾದ್ರೆ ಇವಳನ್ನ ಇನ್ನೂ ಬೇಗ ಎಬ್ಬಿಸ್ಬೇಕಿತ್ತು!” ಎಂದ ವಿಲ್ಕಿನ್.

“ಎಬ್ಬಿಸಿ ಯಾರನ್ನ ಕೂರಿಸ್ತಿದ್ದೆ? ನಿನ್ನನ್ನಾ?” ಎಂದರು ಎನೆರಾ ಅತ್ತೆ.

ಮತ್ತೆ ವಾದ ಶುರುವಾಯಿತು. ಮ್ಯಾನೇಜರ್, ಬಕೆಟ್, ಏಳನೇ ಇನಿಂಗ್ಸ್, ಬಾಳೆಕಾಯಿಯ ಗಾತ್ರ. ಟಿ.ವಿ.ಯನ್ನು ಯಾರೂ ನೋಡುತ್ತಿರಲಿಲ್ಲ.

ಅದರಲ್ಲಿ ರಾದಾಮೆಸ್ ಆಟಗಾರರ ಬೆಂಚಿನ ತುದಿಯಲ್ಲಿ ಟವೆಲ್ ಹೊದ್ದು ಕೂತಿದ್ದ. ಪಕ್ಕದಲ್ಲಿ ನಾಲ್ಕು ಜನ ಕೂರುವಷ್ಟು ಜಾಗ ಖಾಲಿ ಇತ್ತು.

ಮಾಯೆಲಿನ್ ಗೋಡೌನಿಗೆ ಹೋಗಿ ಬಕೆಟ್ ಎತ್ತಿಕೊಂಡು ಬಂದಳು. ಟಿ.ವಿ.ಯ ಮುಂದೆ ಅದನ್ನು ಮಗುಚಿಟ್ಟು, ಟಿ.ವಿ.ಗೆ ಮುಖ ಮಾಡಿ ಕೂತಳು. ಬಾಳೆಕಾಯಿಯನ್ನು ನೆಲದ ಮೇಲಿಟ್ಟಳು.

ತಾತ ತಕ್ಕಡಿ ಬಿಟ್ಟು ಬಂದರು. ಅವಳನ್ನು ನೋಡಿದರು, ಟಿ.ವಿ.ಯನ್ನು ನೋಡಿದರು. ಏಪ್ರನ್ ಜೇಬಿನಿಂದ ಚಪ್ಪಲಿ ತೆಗೆದು, ಮಂಡಿ ಹಿಡಿದುಕೊಂಡು ಬಗ್ಗಿ, ಅವಳ ಬರಿಗಾಲಿನ ಪಕ್ಕ ಇಟ್ಟರು. ಅದಕ್ಕೆ ಈರುಳ್ಳಿ ವಾಸನೆ ಹತ್ತಿತ್ತು.

“ಮುಂದಿನ ಭಾನುವಾರ ಅವನನ್ನ ಎಷ್ಟನೇದಕ್ಕೆ ಹಾಕ್ತಾರೆ ತಾತ?”

“ಯಾರಿಗ್ಗೊತ್ತು ಪುಟ್ಟಿ.”

“ಎಷ್ಟನೇದಕ್ಕೆ ಹಾಕಿದ್ರೂ ನಾನು ಇಲ್ಲೇ ಕೂರ್ತೀನಿ.”

ತಾತ ನೆಲದ ಮೇಲಿದ್ದ ಬಾಳೆಕಾಯಿ ಎತ್ತಿಕೊಂಡು ತಕ್ಕಡಿಯ ಕಡೆ ನಡೆದರು.

ಟಿ.ವಿ.ಯಲ್ಲಿ ರಾದಾಮೆಸ್ ಟವೆಲ್ ಸರಿಸಿ, ಬಗ್ಗಿ, ಬಿಚ್ಚಿಹೋಗಿದ್ದ ಶೂ ಲೇಸ್ ಕಟ್ಟಿಕೊಳ್ಳುತ್ತಿದ್ದ. ಅವನು ಕಟ್ಟಿ ಮುಗಿಸುವವರೆಗೂ ಮಾಯೆಲಿನ್ ಕಾದಳು. ಆಮೇಲೆ ತಾನೂ ಚಪ್ಪಲಿಗೆ ಕಾಲು ತೂರಿಸಿದಳು.